ಮದುವೆ, ಅಂಗಡಿ, ಉಪ್ಪಿನಕಾಯಿ ಬಾಟಲಿ: ಒಬ್ಬ ಛಾಯಾಗ್ರಾಹಕನ ದಿನದ ಲೆಕ್ಕ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ 2023ರ ಫೆಬ್ರುವರಿಯಲ್ಲಿ ನಡೆದಾಗ, ಬಳೆ ಅಂಗಡಿಗಳ ಸಾಲಿನಲ್ಲಿ ಯುವತಿಯೊಬ್ಬರು ಎದುರಾಗಿ, "ಅಣ್ಣಾ, ನಮ್ಮ ಆಲ್ಬಂ ಯಾವಾಗ ಸಿಗ್ತದೆ?" ಎಂದು ಕೇಳಿದರು. ಅವರು ಯಾರೆಂದು ನನಗೆ ಹೊಳೆಯಲಿಲ್ಲ. ಎರಡು ದಿನ ಅವರ ಮದುವೆಯಲ್ಲಿ ಓಡಾಡಿ, ಧಾರೆಯ ನೀರು ಅವರ ಅಂಗೈ ಮೇಲಿಂದ ಇಳಿಯುವುದನ್ನು ಮೂರಡಿ ದೂರದಿಂದ ತೆಗೆದು, ಆಮೇಲೆ ಅದೇ ಮುಖವನ್ನು ವಾರವಿಡೀ ಪರದೆಯ ಮೇಲೆ ತಿದ್ದಿದ್ದ ನನಗೆ ಆ ಮುಖದ ನೆನಪೇ ಉಳಿದಿರಲಿಲ್ಲ. ಆ ಹಣಕಾಸು ವರ್ಷದಲ್ಲಿ ನಾನು ಒಟ್ಟು 38 ಮದುವೆ ಒಪ್ಪಿಕೊಂಡಿದ್ದೆ. ಕತ್ತು, ಬಲಗೈ ಮಣಿಕಟ್ಟು ನೋಯುತ್ತಿದ್ದವು, ನಿದ್ದೆ ಕೆಟ್ಟಿತ್ತು. ಆದರೂ ಆ ರಾತ್ರಿ ನನ್ನನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿದ್ದು ಮೈನೋವಲ್ಲ, ಆ ಮರೆವು.

ಈ ವೃತ್ತಿಗೆ ಬಂದ ಮೇಲೆ ನಾನು ನಾಲ್ಕು ದಾರಿಗಳಲ್ಲಿ ದುಡಿದು ನೋಡಿದ್ದೇನೆ: ಮೊದಲು ಪತ್ರಿಕೆಗೆ ಚಿತ್ರ ಕಳಿಸುವುದು, ಆಮೇಲೆ ಸ್ವಂತ ಅಂಗಡಿ, ಅದರ ಮೇಲೆ ಮದುವೆ, ಈಗ ಮದುವೆಯ ಜೊತೆ ಉತ್ಪನ್ನ ಮತ್ತು ಹೋಂಸ್ಟೇಗಳ ಚಿತ್ರೀಕರಣ. ಇವುಗಳನ್ನು ಹೋಲಿಸುವಾಗ ಒಂದು ಕೆಲಸಕ್ಕೆ ಎಷ್ಟು ಹಣ ಬರುತ್ತದೆ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇ ನಾನು ವರ್ಷಗಟ್ಟಲೆ ಮಾಡಿದ ತಪ್ಪು. ಕ್ಯಾಮೆರಾ ಹಿಡಿದ ದಿನವನ್ನಷ್ಟೇ ಅಲ್ಲದೆ ತಿದ್ದಿದ ದಿನ, ಆಲ್ಬಂ ಅಚ್ಚು ಮಾಡುವ ಲ್ಯಾಬಿಗೆ ಅಲೆದ ದಿನ, ಬಾಕಿ ಕೇಳಲು ಹೋದ ದಿನ ಎಲ್ಲವನ್ನೂ ಎಣಿಸಿ, ಖರ್ಚು ಕಳೆದು ಉಳಿದ ಹಣವನ್ನು ಆ ದಿನಗಳಿಂದ ಭಾಗಿಸಬೇಕು. ಬೇರೆ ಬೇರೆ ವರ್ಷಗಳ ಬೆಲೆಗಳಾದ್ದರಿಂದ ಕೆಳಗಿನ ಅಂಕಿಗಳನ್ನು ರೂಪಾಯಿಗೆ ರೂಪಾಯಿ ಸರಿದೂಗಿಸಲಾಗದು. ಆದರೂ ಯಾವ ದಾರಿ ಎತ್ತ ಒಯ್ಯುತ್ತದೆ ಎಂಬುದು ಅವುಗಳಿಂದ ತಿಳಿಯುತ್ತದೆ.

ಮದುವೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಕಡೆಯ ಛಾಯಾಗ್ರಾಹಕರಲ್ಲಿ ಹೆಚ್ಚಿನವರ ಅನ್ನ ಅದರಲ್ಲೇ ಇದೆ. ಆ ವರ್ಷ ಎರಡು ದಿನದ ಮದುವೆಗೆ, ವಿಡಿಯೊ ಮತ್ತು ಎರಡು ಆಲ್ಬಂ ಸೇರಿ, 70,000 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. 12x36 ಅಂಗುಲದ ಕರಿಜ್ಮಾ ಆಲ್ಬಂ (ಚಿತ್ರಗಳನ್ನು ಪುಟದ ಮೇಲೆಯೇ ಅಚ್ಚು ಮಾಡಿದ್ದು) ಎರಡಕ್ಕೆ 18,000, ಜೊತೆಗೆ ಬರುವ ಇನ್ನೊಬ್ಬ ಛಾಯಾಗ್ರಾಹಕ ಮತ್ತು ವಿಡಿಯೊದವರ ಎರಡು ದಿನದ ಸಂಭಾವನೆ 16,000, ವಿಡಿಯೊ ಎಡಿಟಿಂಗ್‌ಗೆ 8,000, ಓಡಾಟಕ್ಕೆ 2,000 ಕೊಟ್ಟ ಮೇಲೆ ಉಳಿಯುತ್ತಿದ್ದದ್ದು 26,000. ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್ ಸೇರಿ ನಾಲ್ಕು ಲಕ್ಷದ ಸಾಮಗ್ರಿಯನ್ನು ಐದು ವರ್ಷಕ್ಕೆ ಹಂಚಿದರೆ ಮದುವೆಯೊಂದಕ್ಕೆ ಎರಡು ಸಾವಿರದಷ್ಟು ಸವಕಳಿ ಬೀಳುತ್ತದೆ, ಅಂದರೆ ಕೈಗೆ 24,000. ಎರಡು ದಿನದ ಕೆಲಸಕ್ಕೆ ಇಷ್ಟು ಬಂತೆಂದು ನಾನು ಸಂತೋಷಪಡುತ್ತಿದ್ದೆ. ಆದರೆ ಬೆಳಗಿನ ಜಾವ ನಾಂದಿಗೆ ಆರಂಭವಾಗಿ ಮರುದಿನ ಗಂಡಿನ ಮನೆಯಲ್ಲಿ ವಧೂಪ್ರವೇಶದ ಊಟ ಮುಗಿಯುವ ತನಕದ ಆ ಎರಡು ದಿನಗಳ ಹಿಂದೆ ಇನ್ನೂ ಆರು ದಿನಗಳಿದ್ದವು. ಮೂರೂವರೆ ಸಾವಿರ ಚಿತ್ರಗಳನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿ ಆರಿಸಲು ಒಂದು ದಿನ, ಬಣ್ಣ ಮತ್ತು ಬೆಳಕು ತಿದ್ದಲು ಎರಡು, ಆಲ್ಬಂ ವಿನ್ಯಾಸಕ್ಕೆ ಎರಡು, "ಅತ್ತೆ ಫೋಟೊ ಸಣ್ಣದಾಯ್ತು, ಮಾವನ ತಮ್ಮ ಬಿಟ್ಟು ಹೋಗಿದ್ದಾರೆ" ಎಂಬ ಬದಲಾವಣೆಗಳಿಗೆ ಮತ್ತು ಲ್ಯಾಬಿನ ಓಡಾಟಕ್ಕೆ ಒಂದು. ಒಟ್ಟು ಎಂಟು ದಿನಕ್ಕೆ 24,000 ಅಂದರೆ ದಿನಕ್ಕೆ 3,000. ಈ ಮೊತ್ತ ಕೆಟ್ಟದ್ದಲ್ಲ. ಕಷ್ಟವಿದ್ದದ್ದು ಎಂಟನ್ನು 38ರಿಂದ ಗುಣಿಸಿದಾಗ ಸಿಕ್ಕ 304ರಲ್ಲಿ.

ಆ 304 ದಿನಗಳೂ ವರ್ಷದ ಉದ್ದಕ್ಕೆ ಹರಡಿಕೊಳ್ಳುವುದಿಲ್ಲ ಎಂಬುದನ್ನು ಪಂಚಾಂಗ ನೋಡಿದವರೆಲ್ಲ ಬಲ್ಲರು. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಉಳಿದ ಮುಹೂರ್ತಗಳು ಕಾರ್ತಿಕ, ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ಗುಂಪುಗುಂಪಾಗಿ ಬರುತ್ತವೆ. ವೈಶಾಖದಲ್ಲಿ ಹದಿನೈದು ದಿನಕ್ಕೆ ಐದು ಮದುವೆ ಒಪ್ಪಿಕೊಂಡರೆ, ಅವುಗಳ ಹಿಂದಿನ ಮೂವತ್ತು ದಿನಗಳ ಕೆಲಸ ರಾತ್ರಿಗಳಿಗೆ ಸರಿಯುತ್ತದೆ, ಇಲ್ಲವೇ ಆಷಾಢದ ತನಕ ಬಾಕಿ ಉಳಿಯುತ್ತದೆ. ಆಲ್ಬಂ ತಡವಾದರೆ ಕೊನೆಯ ಕಂತೂ ತಡವಾಗುತ್ತದೆ. ಮಳೆಗಾಲದಲ್ಲಿ ಕೈ ಖಾಲಿಯಾಗುತ್ತದೆಂಬ ಭಯದಿಂದ ಮತ್ತೆ ಮುಂದಿನ ಸುಗ್ಗಿಗೆ ಇನ್ನಷ್ಟು ಮದುವೆ ಒಪ್ಪಿಕೊಳ್ಳುತ್ತೇವೆ. ನನ್ನನ್ನು ದಣಿಸಿದ್ದು ಈ ಸುತ್ತು. ಇದರ ಮೇಲೆ, ಮುಹೂರ್ತಗಳೇ ಇಲ್ಲದ ತಿಂಗಳುಗಳೂ ಬರುತ್ತವೆ: 2024ರ ಮೇ ತಿಂಗಳಿನಲ್ಲಿ ಗುರು ಮತ್ತು ಶುಕ್ರ ಎರಡೂ ಅಸ್ತವಾಗಿದ್ದುದರಿಂದ ಎಂದೂ ಬಿಡುವಿರದ ಆ ತಿಂಗಳಲ್ಲಿ ನನ್ನ ಡೈರಿಯ ಪುಟಗಳು ಹೆಚ್ಚುಕಡಿಮೆ ಖಾಲಿ ಉಳಿದವು. ಅಧಿಕ ಮಾಸವೂ ಹಾಗೆಯೇ. ಮದುವೆಯೊಂದನ್ನೇ ನಂಬಿದವನಿಗೆ ಅಂಥ ವರ್ಷ ನಿಜವಾಗಿಯೂ ಕಷ್ಟದ್ದು.

ತೆರಿಗೆಯ ವಿಷಯವನ್ನು ನಮ್ಮ ವೃತ್ತಿಯವರು ತಮ್ಮತಮ್ಮಲ್ಲಿ ಮಾತನಾಡುವುದೇ ಕಡಿಮೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಛಾಯಾಗ್ರಹಣಕ್ಕೆ ತೆರಿಗೆ ಶೇ 18. ಇಲ್ಲಿ ವಹಿವಾಟೆಂದರೆ ನಮಗೆ ಉಳಿದದ್ದಲ್ಲ, ಆಲ್ಬಂ ಲ್ಯಾಬಿಗೂ ಸಹಾಯಕರಿಗೂ ಹೋಗುವ ಹಣವೂ ಸೇರಿದ ಪೂರ್ತಿ ಬಿಲ್. 70,000ದ ಲೆಕ್ಕದಲ್ಲಿ ನನ್ನ 29ನೇ ಮದುವೆಗೇ ಆ ಗೆರೆ ದಾಟಿತು. ಉಳಿದ ಒಂಬತ್ತು ಮನೆಗಳವರಿಂದ ಆಗಲೇ ಮುಂಗಡ ಪಡೆದಿದ್ದೆ. ಒಪ್ಪಿದ ಮಾತಿನ ಮೇಲೆ ಶೇ 18 ಹೆಚ್ಚು ಕೇಳಲು ಮನಸ್ಸು ಬಾರದೆ ನಾನೇ ಭರಿಸಿದೆ, ಒಂದೊಂದಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ. ವರ್ಷದ ಕೊನೆಗೆ ನನಗೆ ಉಳಿದದ್ದು ಎಂಟು ಲಕ್ಷದ ಆಸುಪಾಸು.

ಅಂಗಡಿಯ ಅನುಭವ ಇದಕ್ಕೆ ತೀರ ವಿರುದ್ಧ. 2016ರಿಂದ 2020ರ ಮಾರ್ಚ್‌ನ ಲಾಕ್‌ಡೌನ್ ತನಕ ಪೇಟೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟಿದ್ದೆ. 4x6 ಅಂಗುಲದ ಒಂದು ಕಾಗದದಲ್ಲಿ 35x45 ಮಿಲಿಮೀಟರಿನ ಎಂಟು ಪಾಸ್‌ಪೋರ್ಟ್ ಫೋಟೊ ಕೂರುತ್ತವೆ. ಆಗ ಎಂಟಕ್ಕೆ 60 ರೂಪಾಯಿ, ಕಾಗದ ಮತ್ತು ಶಾಯಿಯ ಖರ್ಚು ಹತ್ತು. ಶಾಲೆ ಕಾಲೇಜು ಆರಂಭವಾಗುವ ಜೂನ್ ಬಿಟ್ಟರೆ ದಿನಕ್ಕೆ ಸರಾಸರಿ ಹನ್ನೆರಡು ಗಿರಾಕಿಗಳು. ಲ್ಯಾಮಿನೇಷನ್, ಫ್ರೇಮು ಎಲ್ಲ ಸೇರಿಸಿ, ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದರೆ ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ, ದಿನಕ್ಕೆ 400. ಆದರೆ ಆ ನಾಲ್ಕು ವರ್ಷ ನಾನು ರಾತ್ರಿ ಎಂಟಕ್ಕೆ ಶಟರ್ ಎಳೆದು ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದ್ದೇನೆ ಎಂಬುದನ್ನೂ ಹೇಳಲೇಬೇಕು. ಹಣ ಅಂದಂದೇ ಕೈಗೆ ಬರುತ್ತಿತ್ತು, ಮನೆಗೆ ಒಯ್ಯುವ ಕೆಲಸ ಇರಲಿಲ್ಲ. ಆ ದಾರಿ ಕಿರಿದಾದದ್ದು ನಮ್ಮ ಸೋಮಾರಿತನದಿಂದಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರ, ಆರ್‌ಟಿಒ, ಆಧಾರ್ ಕೇಂದ್ರ, ಎಲ್ಲ ಕಡೆಯೂ ಅಲ್ಲೇ ಕೂರಿಸಿ ಫೋಟೊ ತೆಗೆಯುತ್ತಾರೆ. ಪಾಸ್‌ಪೋರ್ಟಿಗೆ ಫೋಟೊ ಒಯ್ಯಬೇಕಾದವರೆಂದರೆ ನಾಲ್ಕು ವರ್ಷದೊಳಗಿನ ಮಕ್ಕಳು ಮಾತ್ರ. ಅಂಥ ಕೂಸುಗಳನ್ನು ಬಿಳಿ ಮಗ್ಗುಲುಹಾಸಿನ ಮೇಲೆ ಮಲಗಿಸಿ, ತಾಯಿಯನ್ನು ನನ್ನ ತಲೆಯ ಹಿಂದೆ ನಿಲ್ಲಿಸಿ ಗೆಜ್ಜೆ ಅಲ್ಲಾಡಿಸಲು ಹೇಳಿ, ಎರಡೂ ಕಣ್ಣು ನೇರ ನೋಡುವ ಆ ಅರೆಕ್ಷಣಕ್ಕೆ ಕಾಯುತ್ತಿದ್ದ ಕೆಲಸ ನನಗೆ ಇಂದಿಗೂ ಪ್ರಿಯ. ಅಂಗಡಿ ಮುಚ್ಚಿದರೂ ಅಂಗಡಿಯ ಕಾಲದ ಒಂದು ಕೆಲಸವನ್ನು ಉಳಿಸಿಕೊಂಡಿದ್ದೇನೆ: ಜೂನ್, ಜುಲೈಯಲ್ಲಿ ಸುತ್ತಲಿನ ಶಾಲೆಗಳ ಗುರುತಿನ ಚೀಟಿ ಮತ್ತು ತರಗತಿಯ ಗುಂಪು ಚಿತ್ರ. ಮದುವೆಯಿಲ್ಲದ ಆಷಾಢಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಪತ್ರಿಕೆಗೆ ಚಿತ್ರ ಕಳಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಕಟವಾದ ಚಿತ್ರಕ್ಕಷ್ಟೇ ಹಣ, ಅದೂ ತಿಂಗಳುಗಳ ಮೇಲೆ. ಜುಲೈಯಲ್ಲಿ ಜೋಗದ ಮಂಜು ಸರಿಯಲೆಂದು ಕೊಡೆಯಡಿ ಅರ್ಧ ದಿನ ನಿಂತು ತೆಗೆದ ಚಿತ್ರಕ್ಕೆ ಬಂದ ಹಣ ಬಸ್ಸಿಗೂ ಊಟಕ್ಕೂ ಸರಿಹೋಯಿತು. ಬೆಳಕನ್ನು ಓದುವುದನ್ನು ಕಲಿತದ್ದು ಅಲ್ಲಿಯೇ, ಆ ಋಣ ದೊಡ್ಡದು. ಆದರೆ ಸಂಸಾರ ನಡೆಸಲು ಅದು ಸಾಲದು. ವನ್ಯಜೀವಿ ಛಾಯಾಗ್ರಹಣವೂ ಹಾಗೆಯೇ: ಅದು ಹಣ ಹಾಕಿ ಮಾಡುವ ಕೆಲಸ, ಹಣ ತರುವ ಕೆಲಸವಾಗಬೇಕಾದರೆ ಪ್ರವಾಸ ನಡೆಸಬೇಕು ಅಥವಾ ತರಬೇತಿ ಕೊಡಬೇಕು, ಅಂದರೆ ಅದು ಬೇರೆಯದೇ ವೃತ್ತಿ.

2023ರ ಮಳೆಗಾಲದಲ್ಲಿ ನಾನು ನಾಲ್ಕನೆಯ ದಾರಿ ಹಿಡಿದೆ. ಪರಿಚಯದ ಮನೆಯವರೊಬ್ಬರು ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಆನ್‌ಲೈನಿನಲ್ಲಿ ಮಾರಲು ಹೊರಟಿದ್ದರು. "ತಮ್ಮಾ, ಮೊಬೈಲಲ್ಲಿ ತೆಗೆದರೆ ಬರೀ ಕೆಂಪು ಕೆಸರಿನ ಹಾಗೆ ಕಾಣ್ತದೆ, ನೀನೇ ಏನಾದ್ರೂ ಮಾಡು" ಎಂದರು. ಗಾಜಿನ ಬಾಟಲಿ ಕೋಣೆಯಲ್ಲಿರುವ ಎಲ್ಲವನ್ನೂ ತನ್ನ ಮೈಮೇಲೆ ತೋರಿಸುತ್ತದೆ, ಕಿಟಕಿಯನ್ನೂ ನನ್ನ ಅಂಗಿಯನ್ನೂ. ಮೊದಲ ದಿನ ಒಂದು ಚಿತ್ರವೂ ಸರಿಯಾಗಲಿಲ್ಲ. ಎರಡನೆಯ ದಿನ ಬಾಟಲಿಯ ಎರಡೂ ಬದಿಗೆ ಬಿಳಿ ಥರ್ಮೋಕೋಲ್ ನಿಲ್ಲಿಸಿ, ಅಂಚು ಗೆರೆಯಂತೆ ಮೂಡಲೆಂದು ಹಿಂದೆ ಕಪ್ಪು ರಟ್ಟಿನ ಪಟ್ಟಿ ಇಟ್ಟು, ಬೆಣ್ಣೆ ಕಾಗದದ ಹಿಂದಿನಿಂದ ಒಂದೇ ದೀಪ ಹಾಕಿದೆ. ಒಳಗಿನ ಗಾಳಿಗುಳ್ಳೆಗಳನ್ನು ಹಿಡಿಕಡ್ಡಿಯಿಂದ ಬಿಡಿಸಿ, ಒಂದೊಂದೇ ಮಿಡಿಯನ್ನು ತಿರುಗಿಸಿ ತೊಟ್ಟು ಗಾಜಿನ ಕಡೆ ಬರುವಂತೆ ಮಾಡಿದೆ, ಏಕೆಂದರೆ ಅಪ್ಪೆಮಿಡಿ ಬಲ್ಲವರು ಮೊದಲು ನೋಡುವುದು ತೊಟ್ಟನ್ನೇ. ಆಗ ಮಿಡಿಯ ಸುಕ್ಕು, ರಸದ ಬಣ್ಣ, ತೊಟ್ಟಿನ ಕಡ್ಡಿ ಮೂರೂ ಬೇರೆ ಬೇರೆಯಾಗಿ ಕಂಡವು. ಇಪ್ಪತ್ತು ಚಿತ್ರಕ್ಕೆ 450ರಂತೆ 9,000 ಸಿಕ್ಕಿತು. ಕಲಿಕೆಯ ದಿನವನ್ನು ಬಿಟ್ಟರೆ ತೆಗೆಯಲು ಒಂದು ದಿನ, ತಿದ್ದಲು ಒಂದು ದಿನ, ಅಂದರೆ ದಿನಕ್ಕೆ 4,500. ಹೋಂಸ್ಟೇ ಕೆಲಸದಲ್ಲಿ ರಾತ್ರಿ ತಂಗಿ ಎರಡು ದಿನ, ತಿದ್ದಲು ಒಂದು ದಿನ, 18,000ದಲ್ಲಿ ಓಡಾಟ ಕಳೆದು ದಿನಕ್ಕೆ 5,500. ಇಂಥ ಕೆಲಸಗಳಿಗೆ ಮುಹೂರ್ತ ಬೇಕಿಲ್ಲ, ಮಳೆ ಅಡ್ಡಿಯಲ್ಲ. ಹೋಂಸ್ಟೇಯವರಿಗಂತೂ ಮಳೆಯ ಚಿತ್ರವೇ ಬೇಕು.

ಇದರ ದೋಷ ಬೇರೆ ಕಡೆಯಿದೆ. ಮದುವೆ ಮನೆಯಲ್ಲಿ ಮುಂಗಡ ಕೊಡುವುದು ರೂಢಿ, ಮುಹೂರ್ತದ ದಿನ ಇನ್ನೊಂದು ಕಂತೂ ಬರುತ್ತದೆ. ವ್ಯಾಪಾರದವರು ಮಾತ್ರ ಕೆಲಸ ಮುಗಿದ ಮೇಲೆ "ಬಿಲ್ ಕಳಿಸಿ" ಎನ್ನುತ್ತಾರೆ. ಒಬ್ಬ ಹೋಂಸ್ಟೇ ಮಾಲೀಕರಿಂದ 18,000 ಪಡೆಯಲು ನನಗೆ ಐದು ತಿಂಗಳು ಹಿಡಿಯಿತು, ನಡುವೆ ಕರೆ ಮಾಡಿದ್ದಕ್ಕೂ ಹೋಗಿ ಬಂದದ್ದಕ್ಕೂ ಲೆಕ್ಕವಿಲ್ಲ. ಆಮೇಲೆ ಸಣ್ಣ ಉದ್ಯಮವೆಂದು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದೆ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ನಾನು ಬಡ್ಡಿ ಕೇಳಿಲ್ಲ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಮತ್ತು ಈ ಒಂದು ಸಾಲು ಅಚ್ಚಾದ ಮೇಲೆ ಹಣ ಬೇಗ ಬರುತ್ತಿದೆ. ಅರ್ಧ ಮುಂಗಡವನ್ನೂ ಈಗ ಎಲ್ಲರಲ್ಲಿ ಕೇಳುತ್ತೇನೆ.

ಹಕ್ಕಿನ ಮಾತೂ ಇಲ್ಲಿ ಬರುತ್ತದೆ. ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಮದುವೆಯಲ್ಲಿ ಇದರಿಂದ ತೊಂದರೆಯಿಲ್ಲ, ಅದು ಅವರ ಮನೆಯ ಚಿತ್ರ. ಉತ್ಪನ್ನದ ಚಿತ್ರ ಹಾಗಲ್ಲ, ಅದು ಲೇಬಲ್ಲಿಗೆ, ಫಲಕಕ್ಕೆ, ಬೇರೆ ಮಾರಾಟಗಾರರ ಪುಟಕ್ಕೆ ಹೋಗುತ್ತಲೇ ಇರುತ್ತದೆ. ಎಲ್ಲಿ, ಎಷ್ಟು ವರ್ಷ ಬಳಸಬಹುದು, ಹಕ್ಕು ಯಾರದು ಎಂದು ಅರ್ಧ ಪುಟದ ಕನ್ನಡ ಒಪ್ಪಂದ ಬರೆದು ಸಹಿ ಪಡೆಯಲು ಹತ್ತು ನಿಮಿಷ ಸಾಕು.

ಮಲೆನಾಡಿನಲ್ಲಿ ದುಡಿಯುವವರಿಗೆ ಎಲ್ಲ ದಾರಿಗಳಲ್ಲೂ ಒಂದು ಖರ್ಚು ಸಾಮಾನ್ಯ: ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಳಸದೆ ಚೀಲದಲ್ಲೇ ಇಟ್ಟ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ಬರೀ ಮದುವೆ ಮಾಡುತ್ತಿದ್ದಾಗ ಆಷಾಢದಲ್ಲಿ ಮುಟ್ಟದೆ ಬಿಟ್ಟ ನನ್ನ ಎರಡು ಲೆನ್ಸುಗಳು ಹಾಗೆಯೇ ಹಾಳಾದವು. ಈಗ ಮರದ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿ, ಸಿಲಿಕಾ ಜೆಲ್ ಇಟ್ಟು, ತೇವಾಂಶವನ್ನು ಶೇ 45ರ ಸುತ್ತ ಕಾಯುತ್ತೇನೆ. ಮಳೆಗಾಲದಲ್ಲೂ ಕೆಲಸವಿರುವುದರಿಂದ ಲೆನ್ಸುಗಳು ಹೊರಗೆ ಬಂದು ಗಾಳಿ ಬೆಳಕು ಕಾಣುತ್ತವೆ, ಅದೇ ಹೆಚ್ಚಿನ ರಕ್ಷಣೆ.

ಹೀಗೆ ನೋಡಿದ ಮೇಲೆ ನಾನು ಯಾವ ದಾರಿಯನ್ನೂ ಒಂಟಿಯಾಗಿ ಆರಿಸಲಿಲ್ಲ. ಮದುವೆ ವರ್ಷಕ್ಕೆ 16, ಹದಿನೈದು ದಿನಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ದರ 85,000. ಆಲ್ಬಂ ವಿನ್ಯಾಸ, ಬದಲಾವಣೆ, ಲ್ಯಾಬಿನ ಓಡಾಟ ಮೂರನ್ನೂ 6,000 ಕೊಟ್ಟು ಹೊರಗೆ ಮಾಡಿಸುತ್ತೇನೆ, ಮದುವೆಯೊಂದಕ್ಕೆ ಐದು ದಿನ ಸಾಕಾಗಿ ದಿನಕ್ಕೆ ಐದು ಸಾವಿರಕ್ಕೆ ಮೇಲೆ ಉಳಿಯುತ್ತದೆ. ಉತ್ಪನ್ನ ಮತ್ತು ಹೋಂಸ್ಟೇಗೆ ಅರವತ್ತು ದಿನ, ಶಾಲೆಗಳಿಗೆ ಇಪ್ಪತ್ತೈದು ದಿನ. ಒಟ್ಟು 165 ದಿನ, ಬಿಲ್ಲು ಪತ್ರಗಳಿಗೆ ಇನ್ನೊಂದು ಐವತ್ತು. ಉಳಿಕೆ ಎಂಟು ಲಕ್ಷಕ್ಕೆ ಸ್ವಲ್ಪ ಕಡಿಮೆ, ಅಂದರೆ 304 ದಿನ ದುಡಿದ ವರ್ಷದ ಹತ್ತಿರಹತ್ತಿರ. ವಹಿವಾಟು 20 ಲಕ್ಷದ ಗೆರೆಯನ್ನೂ ಮುಟ್ಟುವುದಿಲ್ಲ. ಹದಿನೇಳನೆಯ ಮದುವೆಯ ಕರೆ ಬಂದಾಗ ಇಲ್ಲವೆನ್ನುವುದು ಮಾತ್ರ ಇನ್ನೂ ಕಷ್ಟವೇ, ಅದರಲ್ಲೂ ಕೇಳುವವರು ನೆಂಟರಾದಾಗ. ಅಂಥವರಿಗೆ ಹಿಂದೆ ನನ್ನ ಜೊತೆ ಬರುತ್ತಿದ್ದ ಹುಡುಗನ ನಂಬರ್ ಕೊಡುತ್ತೇನೆ, ಕ್ಯಾಮೆರಾ ಈಗ ಅವನದ್ದೇ ಇದೆ. ಧಾರೆಯ ಹೊತ್ತಿಗೆ ಒಮ್ಮೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ ಬರುತ್ತೇನೆ.