ಪರದೇಶದ ಪಂದ್ಯಕ್ಕೆ ಸ್ಟೇಡಿಯಂ, ಪಬ್, ಮನೆ: ನನ್ನ ವೋಟು ಎಚ್‌ಡಿಎಂಐ ಕೇಬಲ್‌ಗೆ

ಭಾರತ ಫುಟ್‌ಬಾಲ್ ತಂಡ ಪರದೇಶದಲ್ಲಿ ಅರ್ಹತಾ ಪಂದ್ಯ ಆಡಿದರೆ ನೋಡೋಕೆ ನಮಗಿರೋದು ಮೂರೇ ದಾರಿ. ವಿಮಾನ ಹತ್ತಬೇಕು, ಇಲ್ಲಾ ಬೆಂಗಳೂರಿನ ಯಾವುದಾದರೂ ಪಬ್ ಹಿಡೀಬೇಕು, ಇಲ್ಲಾ ಮನೇಲಿ ಆ್ಯಪ್ ಹಾಕಿಕೊಂಡು ಕೂರಬೇಕು. ನನ್ನ ಮಟ್ಟಿಗೆ ಮನೆಯೇ ಮೇಲು. ಆದರೆ ಮೊಬೈಲ್ ಹಿಡಿದುಕೊಂಡು ಅಲ್ಲ. ಲ್ಯಾಪ್‌ಟಾಪ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಎಳೆದು, ಫೋನನ್ನು ಬೇರೆ ಕೋಣೆಗೆ ಸಾಗಹಾಕಿ.

ಫೋನ್ ಮೇಲೆ ಯಾಕಿಷ್ಟು ಸಿಟ್ಟು ಅಂದರೆ, 2025ರ ಅಕ್ಟೋಬರ್ 9ರ ಸಿಂಗಪುರ ಪಂದ್ಯವನ್ನೇ ತೆಗೆದುಕೊಳ್ಳಿ. ಏಷ್ಯನ್ ಕಪ್ ಅರ್ಹತಾ ಸುತ್ತು. ವಿರಾಮದ ಹೊತ್ತಿಗೆ ಸಿಂಗಪುರದ ಇಖ್ಸಾನ್ ಫಂದಿ ಗೋಲು ಹೊಡೆದಾಗಿತ್ತು, ವಿರಾಮ ಮುಗಿದ ಬೆನ್ನಲ್ಲೇ ನಮ್ಮ ಸಂದೇಶ್ ಜಿಂಗನ್‌ಗೆ ಕೆಂಪು ಕಾರ್ಡ್. ಅಲ್ಲಿಂದಾಚೆ ಹತ್ತೇ ಜನ. 90ನೇ ನಿಮಿಷದಲ್ಲಿ ಸಿಂಗಪುರದ ಡಿಫೆನ್ಸ್ ಎಡವಟ್ಟು ಮಾಡಿಕೊಂಡಿತು, ರಹೀಂ ಅಲಿ ಚೆಂಡನ್ನು ಬಲೆಗೆ ಸೇರಿಸಿದ, 1-1. ಯಾರೂ ನಿರೀಕ್ಷಿಸದ ಹೊತ್ತಲ್ಲಿ ಬಿತ್ತು ಅನ್ನೋದರಲ್ಲೇ ಇಂಥ ಗೋಲಿನ ಮಜಾ ಇರೋದು. ಫೋನ್ ಕೈಲಿದ್ದರೆ ಆ ಮಜಾನೇ ಹೋಯಿತು. ಟಿವಿಯಲ್ಲಿ ಚೆಂಡು ಇನ್ನೂ ಮಿಡ್‌ಫೀಲ್ಡ್‌ನಲ್ಲಿ ಉರುಳಾಡುತ್ತಿರುತ್ತೆ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆಗಲೇ ‘ಗೋಲ್ಲ್ಲ್’ ಬಿದ್ದಿರುತ್ತೆ.

ನೆಟ್ ಸ್ಲೋ ಅಂತ ಬೈದು ಪ್ರಯೋಜನ ಇಲ್ಲ. ಆ್ಯಪ್‌ಗೆ ವಿಡಿಯೊ ಬರೋದೇ ತುಂಡು ತುಂಡಾಗಿ. ಒಂದು ತುಂಡು ಸಾಮಾನ್ಯವಾಗಿ 6 ಸೆಕೆಂಡ್, ಮಧ್ಯೆ ನಿಲ್ಲಬಾರದು ಅಂತ ಪ್ಲೇಯರ್ ಸುಮಾರು ಮೂರು ತುಂಡು ಹಿಂದೆ ಉಳಿದೇ ಓಡುತ್ತೆ. ಅಲ್ಲಿಗೇ 18 ಸೆಕೆಂಡ್ ಆಯಿತು. ಎನ್‌ಕೋಡಿಂಗ್, ಸರ್ವರ್‌ನಿಂದ ಸರ್ವರ್‌ಗೆ ಸಾಗಾಟ ಎಲ್ಲ ಸೇರಿದರೆ ಅರ್ಧ ನಿಮಿಷ ಹಿಂದೆ ಬೀಳೋದು ಮಾಮೂಲು. ಸ್ಕೋರ್ ಆ್ಯಪ್‌ಗಳ ಕತೆಯೇ ಬೇರೆ: ಸ್ಟೇಡಿಯಂನಲ್ಲೇ ಕೂತವರು ಬಟನ್ ಒತ್ತುತ್ತಾರೆ, ಹೋಗಬೇಕಾದದ್ದು ನಾಲ್ಕಕ್ಷರ, ಕೆಲವೇ ಸೆಕೆಂಡಲ್ಲಿ ನಿಮ್ಮ ಜೇಬಿನಲ್ಲಿರುತ್ತೆ. ಮನೆಗೆ 200 ಎಂಬಿಪಿಎಸ್ ಫೈಬರ್ ಇದ್ದರೂ ವಿಡಿಯೊ ಹಿಂದೆ ಬೀಳೋದು ತಪ್ಪಲ್ಲ. (ಐಪಿಎಲ್ ಆದರೆ ಪಕ್ಕದ ಮನೆಯ ಕೂಗಿಗೂ ಹೆದರಬೇಕು. ಫುಟ್‌ಬಾಲ್ ಅರ್ಹತಾ ಪಂದ್ಯಕ್ಕೆ ಪಕ್ಕದ ಮನೆಯವರು ಕೂಗುವಷ್ಟು ಒಳ್ಳೇ ಕಾಲ ನಮಗಿನ್ನೂ ಬಂದಿಲ್ಲ.)

ಬರೀ ಸ್ಕೋರ್ ಆ್ಯಪ್ ಆಫ್ ಮಾಡಿದರೆ ಸಾಲದು, ನ್ಯೂಸ್ ಆ್ಯಪ್‌ಗಳೂ ಗೋಲು ಒದರುತ್ತವೆ. ಸ್ಮಾರ್ಟ್‌ವಾಚ್ ಬಿಚ್ಚಿಡಿ, ಫೋನ್ ಪಕ್ಕದ ಕೋಣೆಯಲ್ಲಿದ್ದರೂ ಬ್ಲೂಟೂತ್ ಅಷ್ಟು ದೂರ ಆರಾಮಾಗಿ ಬರುತ್ತೆ, ಮಣಿಕಟ್ಟಲ್ಲಿ ಗುಂಯ್ ಅಂದರೆ ಗೋಲೋ ಕೆಂಪು ಕಾರ್ಡೋ ಅಂತ ಎದೆ ಹೊಡೆದುಕೊಳ್ಳುತ್ತೆ. ಲ್ಯಾಪ್‌ಟಾಪ್‌ನಲ್ಲಿ ವಾಟ್ಸ್‌ಆ್ಯಪ್ ವೆಬ್ ಟ್ಯಾಬ್ ತೆರೆದಿದ್ದರೆ ಮುಚ್ಚಿ. ಇಲ್ಲದಿದ್ದರೆ ಅದೇ ಮೆಸೇಜು ಟಿವಿಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತೆ.

ಫೋನಿಂದ ಟಿವಿಗೆ ವೈರ್ ಇಲ್ಲದೆ ಕಾಸ್ಟ್ ಮಾಡಬಾರದಾ ಅಂತೀರಾ? ಮಾಡಬಹುದು, ಆದರೆ ನಿಯಂತ್ರಣ ಫೋನಲ್ಲೇ ಉಳಿಯುತ್ತೆ, ಮತ್ತೆ ಅದನ್ನೇ ಹತ್ತಿರ ಇಟ್ಟುಕೊಳ್ಳಬೇಕು. ಅದಕ್ಕೇ ಕೇಬಲ್. ಕೇಬಲ್ಲಿಗೂ ಒಂದು ರಗಳೆ ಇದೆ: ಹಳೇ ಮಾನಿಟರ್‌ಗೆ ಅಂತ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಸಿಕ್ಕಿಸಿದರೆ ಕೆಲವು ಆ್ಯಪ್‌ಗಳಲ್ಲಿ ಧ್ವನಿ ಬರುತ್ತೆ, ಪರದೆ ಕಪ್ಪು. ಕಾಪಿ ತಡೆಯೋ ಎಚ್‌ಡಿಸಿಪಿ ಕೊಂಡಿ ಅಲ್ಲಿ ಕಡಿದುಹೋಗಿರುತ್ತೆ, ಕೇಬಲ್ ಕೆಟ್ಟಿರೋದಲ್ಲ. ನಡುವೆ ಏನೂ ಇಲ್ಲದೆ ಲ್ಯಾಪ್‌ಟಾಪಿಂದ ಟಿವಿಗೆ ನೇರವಾಗಿ ಹಾಕಿ.

ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರಿಗೆ ಒಂದು ಲೆಕ್ಕ. ಫುಲ್ ಎಚ್‌ಡಿ ಅಂದರೆ ಗಂಟೆಗೆ ಹತ್ತಿರ ಹತ್ತಿರ 3 ಜಿಬಿ. ದಿನಕ್ಕೆ 1.5 ಜಿಬಿ ಪ್ಲ್ಯಾನು ವಿರಾಮಕ್ಕೂ ಮುಂಚೆ ಖಾಲಿ, ಆಮೇಲೆ 64 ಕೆಬಿಪಿಎಸ್‌ನಲ್ಲಿ ಕಾಮೆಂಟರಿಯೂ ಕೇಳಿಸಲ್ಲ. ಕ್ವಾಲಿಟಿ 480ಕ್ಕೆ ಇಳಿಸಿ, ಇಲ್ಲಾ ಮೊದಲೇ ಡೇಟಾ ವೋಚರ್ ಹಾಕಿಸಿ. ಇನ್ನೊಂದು: ಒಮ್ಮೆ ವಿಡಿಯೊ ನಿಲ್ಲಿಸಿ ಟೀ ತಂದರೆ ಆ ತಡ ಹಾಗೇ ಉಳಿಯುತ್ತೆ, ‘ಲೈವ್’ ಬಟನ್ ಒತ್ತಿದರೇನೇ ಮುಂದಕ್ಕೆ ಬರೋದು. ರಿಫ್ರೆಶ್ ಏನಿದ್ದರೂ ವಿರಾಮದಲ್ಲಿ ಮಾಡಿ. 85ನೇ ನಿಮಿಷದಲ್ಲಿ ಮಾಡಿದರೆ ಆ್ಯಪ್ ಮೊದಲು ಜಾಹೀರಾತು ತೋರಿಸುತ್ತೆ.

ಪಬ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಪ್ರೀಮಿಯರ್ ಲೀಗಿಗೆ ಚೆನ್ನ. ಆ್ಯಪ್‌ನಲ್ಲಿ ಮಾತ್ರ ಬರೋ ಭಾರತದ ಅರ್ಹತಾ ಪಂದ್ಯಕ್ಕೆ ಮೂಲೆಯ ಚಿಕ್ಕ ಪರದೆ ಸಿಕ್ಕರೆ ಪುಣ್ಯ. ದೊಡ್ಡದರಲ್ಲಿ ಕ್ರಿಕೆಟ್, ಸ್ಪೀಕರಿನಲ್ಲಿ ಡಿಜೆ. ಹೊತ್ತೂ ಕೂಡಿಬರಲ್ಲ: ಸಿಂಗಪುರದಲ್ಲಿ ರಾತ್ರಿ ಏಳೂವರೆಯ ಪಂದ್ಯ ಅಂದರೆ ನಮಗೆ ಸಂಜೆ ಐದು, ಅದೂ ಗುರುವಾರ. ದೋಹಾದಲ್ಲಾದರೆ ಮುಗಿಯೋ ಹೊತ್ತಿಗೆ ಮಧ್ಯರಾತ್ರಿ ಹತ್ತಿರ, ಮೆಟ್ರೊ ನಂಬಿ ಕೂರೋ ಹಾಗಿಲ್ಲ.

ಸ್ಟೇಡಿಯಂನಲ್ಲಿ ಮಾತ್ರ ಸಿಗೋದು ಒಂದಿದೆ, ತಂಡದ ಆಕಾರ. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಎದುರು ಭಾರತ 0-0 ಡ್ರಾ ಮಾಡಿಕೊಂಡಿತು. ಜ್ವರ ಅಂತ ಸುನಿಲ್ ಛೆಟ್ರಿ ಇರಲಿಲ್ಲ, ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರ್‌ಪ್ರೀತ್ ನಾಯಕ. ಟಿವಿಯಲ್ಲಿ ಅವನ ಸೇವ್‌ಗಳು ಕಾಣುತ್ತವೆ. ಆದರೆ ಚೆಂಡು ಎಡಕ್ಕೆ ಹೋದಾಗ ಬಲಬದಿಯ ಬ್ಯಾಕ್ ಎಷ್ಟು ಒಳಗೆ ಸರಿದ, ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವೆ ಎಷ್ಟು ಜಾಗ ಬಿಟ್ಟರು ಅನ್ನೋದು ಕ್ಯಾಮೆರಾ ಚೌಕಟ್ಟಿನ ಆಚೆ. ಅದು ಬೇಕಾದವರು ಸೈಡ್‌ಲೈನ್ ಮಗ್ಗುಲಿನ ಮೇಲಿನ ಸಾಲು ತೆಗೆದುಕೊಳ್ಳಿ. ಗೋಲಿನ ಹಿಂದೆ ಕೂತರೆ ಆಚೆ ತುದಿಯಲ್ಲಿ ಏನು ನಡೆದರೂ ಗುಂಪಷ್ಟೇ ಕಾಣೋದು.

ಅದೇ ಊರು, ಅದೇ ಎದುರಾಳಿ, 2024ರ ಜೂನ್ 11. ವಿಶ್ವಕಪ್ ಅರ್ಹತೆಯ ಎರಡನೇ ಸುತ್ತು. ಚಾಂಗ್ಟೆ ಗೋಲಿನಿಂದ ಭಾರತ 1-0 ಮುಂದಿತ್ತು. 73ನೇ ನಿಮಿಷದಲ್ಲಿ ಗುರ್‌ಪ್ರೀತ್ ತಡೆದ ಚೆಂಡು ಗೋಲ್‌ಲೈನ್ ದಾಟಿ ಹೊರಗೆ ಹೋಯಿತು. ಕಾರ್ನರ್ ಅಂದುಕೊಂಡು ನಮ್ಮವರು ನಿಂತರು. ಕತಾರಿನವರು ಅದನ್ನು ಒಳಗೆಳೆದರು, ಯೂಸುಫ್ ಅಯ್ಮನ್ ಗೋಲು ಹೊಡೆದ, ರೆಫ್ರಿ ಕೊಟ್ಟೇಬಿಟ್ಟ. ಆ ಸುತ್ತಿನಲ್ಲಿ ವಿಡಿಯೊ ನೋಡಿ ತೀರ್ಪು ತಿದ್ದೋ ವಿಎಆರ್ ಇರಲಿಲ್ಲ. ಕೊನೆಗೆ 2-1 ಸೋಲು, ಅರ್ಹತೆಯೂ ಹೋಯಿತು. ಮನೇಲಿ ಕೂತವರಿಗೆ ಮೊದಲ ರೀಪ್ಲೇಯಲ್ಲೇ ಸತ್ಯ ಗೊತ್ತಾಯಿತು. ಆಚೆ ತುದಿಯ ಸೀಟಿನಿಂದ ಗೆರೆ ಕಾಣಲ್ಲ, ಹೊಟ್ಟೆ ಉರಿಸಿಕೊಳ್ಳೋಕೂ ಫೋನ್ ತೆರೀಬೇಕು.

ದುಡ್ಡಿನ ಮಾತು. ಸಿಂಗಪುರಕ್ಕೆ ವೀಸಾ, ವಿಮಾನ, ಹೋಟೆಲ್. ಪಂದ್ಯದ ಟಿಕೆಟ್ ಖರ್ಚು ಅದರಲ್ಲಿ ಲೆಕ್ಕಕ್ಕೇ ಬರಲ್ಲ. ಕೇಬಲ್‌ಗೆ ಕೆಲವು ನೂರು ರೂಪಾಯಿ. ದೋಹಾ, ಕುವೈತ್‌ನಲ್ಲಿ ಕೆಲಸದಲ್ಲಿರೋ ಮಂಗಳೂರು, ಭಟ್ಕಳದವರಾದರೆ ಯೋಚನೆ ಮಾಡದೆ ಸ್ಟೇಡಿಯಂಗೆ ಹೋಗಿ, ಅಲ್ಲಿ ಭಾರತದ ಜನ ಎಷ್ಟಿರುತ್ತಾರೆ ಅಂದರೆ ಪರದೇಶದ ಪಂದ್ಯ ಅನ್ನಿಸೋದೇ ಕಡಿಮೆ. ಊರಲ್ಲಿರೋರಿಗೆ ಕೇಬಲ್ಲೇ ಸೈ. ಪಂದ್ಯ ಟಿವಿ ಚಾನೆಲ್‌ನಲ್ಲೂ ಬರೋದಾದರೆ ಮಾತ್ರ ಲ್ಯಾಪ್‌ಟಾಪ್ ಮುಚ್ಚಿಟ್ಟು ಡಿಟಿಎಚ್ ಹಾಕಿ, ಅದರ ತಡ ಆ್ಯಪ್‌ಗಿಂತ ಎಷ್ಟೋ ಕಡಿಮೆ.