ಗಾರ್ಮಿನ್ ರ‍್ಯಾಲಿ ಎಕ್ಸ್‌ಸಿ200: ನೂರು ಕಿಲೋಮೀಟರ್ ಮೌಂಟನ್ ಬೈಕ್ ರೇಸಿನ ತಯಾರಿಗೆ ಈ ಪವರ್ ಪೆಡಲ್ ಎಷ್ಟು ಉಪಯೋಗ?

ತೀರ್ಪು ಮೊದಲೇ ಹೇಳಿಬಿಡೋಣ. ಆರೇಳು ಗಂಟೆ ಬೆಟ್ಟ ಹತ್ತಿ ಇಳಿಯುವ ರೇಸಿಗೆ ಮೂರ‍್ನಾಲ್ಕು ತಿಂಗಳು ಕೂತು ತಯಾರಾಗುವವರಿಗೆ ತುಳಿತದ ಬಲವನ್ನು ವ್ಯಾಟಿನಲ್ಲಿ ಅಳೆದು ಬೈಕಿನ ಕಂಪ್ಯೂಟರಿಗೆ ತೋರಿಸುವ ಈ ಪೆಡಲ್ ಒಳ್ಳೆಯ ಉಪಕರಣ. ಆದರೆ ರೇಸಿನ ದಿನ ಇದರ ಉಪಯೋಗ ಮೊದಲ ಒಂದೂವರೆ ಗಂಟೆಗೆ ಮಾತ್ರ. ಅದಾದಮೇಲೆ ಕಾಲು, ಹೊಟ್ಟೆ, ದಾರಿ ಈ ಮೂರೇ ವೇಗ ನಿರ್ಧರಿಸುತ್ತವೆ, ಪರದೆ ಮೇಲಿನ ಅಂಕಿಯಲ್ಲ. ಇಷ್ಟು ಒಪ್ಪಿಕೊಂಡು ಕೊಂಡರೆ ನಿರಾಸೆಯಾಗದು.

ನೋಡಲು ಸಾಮಾನ್ಯ ಎಸ್‌ಪಿಡಿ ಪೆಡಲ್, ಅಂದರೆ ಶೂ ಅಡಿಯ ಕ್ಲೀಟ್ ಎಂಬ ಲೋಹದ ತುಂಡನ್ನು ಕಚ್ಚಿ ಹಿಡಿಯುವ ಬಗೆ. ಶಿಮಾನೋ ಕ್ಲೀಟೇ ಸಾಕು. ಅಳೆಯುವ ಕೆಲಸವೆಲ್ಲ ಸ್ಪಿಂಡಲ್ (ಪೆಡಲಿನ ಅಚ್ಚು) ಒಳಗೆ. ತುಳಿದಾಗ ಸ್ಪಿಂಡಲ್ ಕೂದಲೆಳೆಯಷ್ಟು ಬಾಗುತ್ತದೆ, ಆ ಬಾಗನ್ನು ಸ್ಟ್ರೇನ್ ಗೇಜ್ ಹಿಡಿಯುತ್ತದೆ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಚಲನೆಯ ಸೆನ್ಸರ್ ಹೇಳುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್. ಕಂಪನಿ ಹೇಳುವ ನಿಖರತೆ ಶೇ. 1ರ ಆಚೀಚೆ. ಜೋಡಿಯ ತೂಕ 444 ಗ್ರಾಂ. ಶಿಮಾನೋ ಎಕ್ಸ್‌ಟಿ ಎಂ8100 ಜೋಡಿ 342 ಗ್ರಾಂ ಇರುವುದರಿಂದ ಸುಮಾರು ನೂರು ಗ್ರಾಂ ಹೆಚ್ಚು ಹೊರೆ. ಅರ್ಧ ಲೋಟ ನೀರಿನ ತೂಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸವಾರರ ತೂಕದ ಮಿತಿ 105 ಕಿಲೋ. ಅದಕ್ಕಿಂತ ಹೆಚ್ಚಿದ್ದವರು ಇಲ್ಲೇ ಓದು ನಿಲ್ಲಿಸಬಹುದು. ಆಮೇಲೆ ಬಂದ ರೀಚಾರ್ಜ್ ಮಾದರಿಯ ಮಾತು ಇಲ್ಲಿಲ್ಲ, ಇದು ಬಟನ್ ಸೆಲ್ ಹಾಕುವ ಎಕ್ಸ್‌ಸಿ200ರ ವಿಮರ್ಶೆ.

ಬೆಟ್ಟದ ದಾರಿಗೆ ಇದರ ದೊಡ್ಡ ಗುಣವೆಂದರೆ ಪೆಡಲಿನ ದೇಹ ಬೇರೆ, ಸ್ಪಿಂಡಲ್ ಬೇರೆ. ಕಲ್ಲಿಗೆ ಬಡಿದು ದೇಹ ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ದುಬಾರಿ ಸೆನ್ಸರ್ ಉಳಿಯುತ್ತದೆ. ಇದೇ ಸ್ಪಿಂಡಲಿಗೆ ರೋಡ್ ಪೆಡಲಿನ ದೇಹ ಹಾಕಿಕೊಂಡು ವಾರದ ದಿನಗಳಲ್ಲಿ ಟಾರ್ ರಸ್ತೆಗೂ ಬಳಸಬಹುದು.

ಜೋಡಣೆಯಲ್ಲಿ ಅರ್ಧ ತೊಂದರೆಗಳು ಹುಟ್ಟುತ್ತವೆ. ಕ್ರ್ಯಾಂಕಿನ ಮರೆಯನ್ನು (ತಿರುಪಿನ ಸುತ್ತುಗೆರೆ) ಬಟ್ಟೆಯಿಂದ ಒರೆಸಿ, ಸ್ಪಿಂಡಲ್ ಮರೆಗೆ ತೆಳುವಾಗಿ ಗ್ರೀಸ್ ಹಚ್ಚಿ, 15 ಮಿ.ಮೀ. ಪೆಡಲ್ ಸ್ಪ್ಯಾನರಿನಿಂದ ಬಿಗಿ ಮಾಡಿ. ಎಡ ಪೆಡಲಿನ ಮರೆ ಉಲ್ಟಾ ಎಂಬುದು ಗೊತ್ತಿರುವ ಮಾತೇ, ಆದರೂ ಅವಸರದಲ್ಲಿ ಮರೆ ಕೊಯ್ದುಕೊಳ್ಳುವವರು ಇದ್ದಾರೆ. ಬಿಗಿ ಎಷ್ಟು? 34 ನ್ಯೂಟನ್ ಮೀಟರ್. ಕೈ ಅಂದಾಜು ಇಲ್ಲಿ ನಡೆಯದು, ಟಾರ್ಕ್ ರೆಂಚ್ ಬೇಕು: ಸಡಿಲ ಬಿಟ್ಟರೆ ಪ್ರತಿ ಜೋರು ತುಳಿತಕ್ಕೂ ಸ್ಪಿಂಡಲ್ ತುಸು ಕೂರುತ್ತ ಹೋಗುತ್ತದೆ, ಸೊನ್ನೆಯ ಗುರುತು (ಕಾಲಿಡದಿದ್ದಾಗ ಸೆನ್ಸರ್ ತೋರಬೇಕಾದ ಸೊನ್ನೆ) ಜಾರುತ್ತದೆ. ಜೋಡಿಸಿದ ಮೇಲೆ ಕೂಡಲೇ ಕ್ಯಾಲಿಬ್ರೇಟ್ ಮಾಡಿ ಸುಮ್ಮನಾಗಬೇಡಿ. ಹತ್ತು ಸೆಕೆಂಡಿನ ನಾಲ್ಕೈದು ಸ್ಪ್ರಿಂಟ್ ಹೊಡೆದು, ಮತ್ತೆ ಟಾರ್ಕ್ ತಾಳೆ ನೋಡಿ, ಆಮೇಲೆ ಸೊನ್ನೆಗೆ ತನ್ನಿ. ಕಾರ್ಬನ್ ಕ್ರ್ಯಾಂಕಿನ ತುದಿಗೆ ರಬ್ಬರ್ ಟೋಪಿ ಹಾಕಿದ್ದರೆ ಅದು ಪೆಡಲಿಗೆ ತಾಗುತ್ತದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿ; ತಾಗಿದರೆ ವಾಷರ್ ಹಾಕಿ. ಕ್ರ್ಯಾಂಕಿನಿಂದ ಪೆಡಲಿನ ನಡುವಿಗಿರುವ ಅಂತರ ಆ ಬದಿಗೆ 53ರಿಂದ 55 ಮಿ.ಮೀ.ಗೆ ಏರುತ್ತದೆ, ಅದಕ್ಕೆ ಕ್ಲೀಟನ್ನು ಸ್ವಲ್ಪ ಸರಿಸಿಕೊಳ್ಳಬೇಕು.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳದು: ಕ್ರ್ಯಾಂಕಿನ ಉದ್ದ. ಬೈಕಿನಲ್ಲಿ ಇರುವುದು 170 ಮಿ.ಮೀ., ಸೆಟ್ಟಿಂಗಿನಲ್ಲಿ 175 ಎಂದಿದ್ದರೆ ವ್ಯಾಟ್ ಸುಮಾರು ಶೇ. 3ರಷ್ಟು ಉಬ್ಬುತ್ತದೆ. 200 ತುಳಿದವರಿಗೆ 206 ಕಾಣುತ್ತದೆ. ಖುಷಿ ಕೊಡುವ ಸುಳ್ಳಾದ್ದರಿಂದ ಯಾರೂ ಅನುಮಾನಪಡುವುದಿಲ್ಲ. ಕ್ರ್ಯಾಂಕಿನ ಒಳಬದಿಯಲ್ಲಿ ಉದ್ದ ಕೊರೆದಿರುತ್ತದೆ. ಪೆಡಲ್ ಬಿಚ್ಚಿದಾಗಲೇ ನೋಡಿಕೊಳ್ಳಿ.

ಸೊನ್ನೆಗೆ ತರುವುದು ಪ್ರತಿ ಸವಾರಿಗೂ ಒಂದು ನಿಮಿಷದ ಕೆಲಸ. ಮನೆಯೊಳಗಿನ ಬೈಕನ್ನು ಹೊರಗಿನ ಚಳಿಗೋ ಬಿಸಿಲಿಗೋ ತಂದ ಕೂಡಲೇ ಮಾಡಬೇಡಿ, ಲೋಹ ಆ ಹವೆಗೆ ಹೊಂದಿಕೊಳ್ಳಲು ಕಾಲು ಗಂಟೆ ಕೊಡಿ. ಬೈಕ್ ನೇರ ನಿಂತಿರಲಿ, ಪೆಡಲ್ ಮೇಲೆ ಕಾಲಿರಬಾರದು.

ಈಗ ದೂರಿನ ಮಾತು: ಸೆಲ್. ಎರಡೂ ಪೆಡಲಿಗೆ ಸೇರಿ ನಾಲ್ಕು ಎಲ್‌ಆರ್44 ಅಥವಾ ಎಸ್‌ಆರ್44, ಇಲ್ಲವೇ ಎರಡು ಸಿಆರ್1/3ಎನ್. 120 ಗಂಟೆ ಬಾಳಿಕೆ ಎಂಬುದು ಕಂಪನಿಯ ಲೆಕ್ಕ. ಎಲ್‌ಆರ್44 ಎಲ್ಲೆಡೆ ಸಿಗುತ್ತದೆ ಎಂಬುದೊಂದೇ ಅದರ ಪುಣ್ಯ. ಈ ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ ಬಳಸುತ್ತ ಇಳಿಯುತ್ತ ಹೋಗುತ್ತದೆ, ಎಸ್‌ಆರ್44 ಬಹುಕಾಲ 1.55 ವೋಲ್ಟಿನ ಹತ್ತಿರವೇ ನಿಂತು ಕೊನೆಗೆ ಥಟ್ಟನೆ ಬೀಳುತ್ತದೆ. ಬೆಟ್ಟದ ಕುಲುಕಾಟಕ್ಕೆ ಮಾತ್ರ ಸಿಆರ್1/3ಎನ್ ಲೇಸು: ಪೆಡಲಿಗೆ ಒಂದೇ ಸೆಲ್, ನಡುವೆ ಕೀಲಿಲ್ಲ, ಅಲುಗಾಡಿ ಸಂಪರ್ಕ ತಪ್ಪುವ ಜಾಗ ಒಂದು ಕಡಿಮೆ. ಸೆಲ್ ಮುಚ್ಚಳ ಇರುವುದು ಪೆಡಲಿನ ಹೊರತುದಿಯಲ್ಲಿ. ಅಲ್ಲಿ ಕೆಸರು, ಬೆವರು, ಕಲ್ಲಿನ ಪೆಟ್ಟು ಎಲ್ಲವೂ ಸೇರುತ್ತವೆ. ಒಂದು ಪೆಡಲ್ ಆಗಾಗ ಮಾಯವಾಗಿ ವ್ಯಾಟ್ ದಿಢೀರ್ ಕುಸಿದರೆ ಮೊದಲು ಆ ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಸಂಪರ್ಕ ಒರೆಸಿ, ರಬ್ಬರ್ ರಿಂಗ್ ತಿರುಚಿಲ್ಲ ತಾನೇ ಎಂದು ನೋಡಿ. ನೀರಿನ ವಿಷಯದಲ್ಲಿ ರಕ್ಷಣೆ ಐಪಿಎಕ್ಸ್7, ಅಂದರೆ ಹಳ್ಳ ದಾಟಬಹುದು. ಪ್ರೆಷರ್ ವಾಷರ್ ಹಿಡಿಯಬಾರದು.

ಮಣ್ಣಿನ ದಾರಿಯಲ್ಲಿ ಅಂಕಿಗಳು ರಸ್ತೆಯ ಹಾಗೆ ನಡೆದುಕೊಳ್ಳುವುದಿಲ್ಲ. ಬೇರು ಅಡ್ಡ ಬಂದರೆ 500, ಮರುಗಳಿಗೆ ತಿರುವಿನಲ್ಲಿ 0. ಮೂರು ಸೆಕೆಂಡಿನ ಸರಾಸರಿಯನ್ನೂ ಓದಲಾಗದು. ಹತ್ತು ಸೆಕೆಂಡಿನದು ಇಡಿ, ಉದ್ದನೆಯ ಏರಿಗೆ ಮೂವತ್ತು ಸೆಕೆಂಡಿನದು. ಗಾರ್ಮಿನ್‌ನ ಎಡ್ಜ್ ಬೈಕ್ ಕಂಪ್ಯೂಟರಿನಲ್ಲಿ ದಾಖಲಾತಿ ಪ್ರತಿ 1 ಸೆಕೆಂಡಿಗೆ ಎಂದಿರಲಿ, ಪವರ್ ಸರಾಸರಿಯಲ್ಲಿ ಸೊನ್ನೆಗಳು ಸೇರಲಿ, ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು) ಸರಾಸರಿಯಲ್ಲಿ ಬೇಡ. ಕಲ್ಲುಹಾಸಿನ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ನಿಂತಿದ್ದರೂ ಒಮ್ಮೊಮ್ಮೆ ಅದುರಿಗೆ ಸುಳ್ಳು ಕೇಡೆನ್ಸ್ ಹುಟ್ಟಿ ವ್ಯಾಟ್ ಚಿಮ್ಮುತ್ತದೆ. ಇಳಿಜಾರಿನಲ್ಲಿ ಬಂದ "ಗರಿಷ್ಠ ಪವರ್" ದಾಖಲೆಯನ್ನು ಯಾರಿಗೂ ತೋರಿಸಬೇಡಿ.

ಏರಿಳಿತ ಇಷ್ಟಿರುವ ಕಾರಣಕ್ಕೇ ಬೆಟ್ಟದ ಸವಾರಿಗೆ ಬರಿಯ ಸರಾಸರಿ ಮೋಸ ಮಾಡುತ್ತದೆ. ನಾರ್ಮಲೈಸ್ಡ್ ಪವರ್ ನೋಡಬೇಕು. 30 ಸೆಕೆಂಡಿನ ಚಲಿಸುವ ಸರಾಸರಿ ತೆಗೆದು, ಪ್ರತಿಯೊಂದನ್ನೂ ನಾಲ್ಕನೆಯ ಘಾತಕ್ಕೆ ಏರಿಸಿ, ಅವುಗಳ ಸರಾಸರಿಗೆ ಮತ್ತೆ ನಾಲ್ಕನೆಯ ಮೂಲ ಹಿಡಿಯುವ ಲೆಕ್ಕ ಅದು. ಜೋರು ತುಳಿತಕ್ಕೆ ಹೆಚ್ಚು ತೂಕ ಸಿಗುತ್ತದೆ. ಸರಾಸರಿ 140, ನಾರ್ಮಲೈಸ್ಡ್ 175 ಎಂದು ಬಂದರೆ ಗಾಬರಿ ಬೇಡ, ಟ್ರೇಲಿನಲ್ಲಿ ಅದು ಸಹಜ. ಆದರೆ ಅದೇ ದಾರಿಯಲ್ಲಿ ವಾರದಿಂದ ವಾರಕ್ಕೆ ಈ ಎರಡರ ಅಂತರ ಕಿರಿದಾಗುತ್ತಿದ್ದರೆ, ತಿರುವಿನಿಂದ ಹೊರಬರುವಾಗ ಗೇರ್ ಮೊದಲೇ ಇಳಿಸಿ ನಯವಾಗಿ ತುಳಿಯುವುದನ್ನು ಕಲಿತಿದ್ದೀರಿ ಎಂದರ್ಥ. ಇದನ್ನು ಎದೆಗೆ ಕಟ್ಟುವ ಹೃದಯ ಬಡಿತದ ಪಟ್ಟಿ ಎಂದೂ ಹೇಳದು.

ತಯಾರಿಗೆ ಮೊದಲ ಅಳತೆ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ವ್ಯಾಟ್. ಗಟ್ಟಿ ನೆಲದ, ಒಂದೇ ಸಮ ಏರುವ ದಾರಿ ಹುಡುಕಿ. ಮೈ ಬಿಸಿಯಾದ ಮೇಲೆ 5 ನಿಮಿಷ ಜೋರಾಗಿ, 10 ನಿಮಿಷ ನಿಧಾನ, ಆಮೇಲೆ 20 ನಿಮಿಷ ಕೊನೆವರೆಗೂ ಹಿಡಿಯಬಲ್ಲಷ್ಟು ಬಲದಿಂದ. ಆ 20 ನಿಮಿಷದ ಸರಾಸರಿಯ ಶೇ. 95 ನಿಮ್ಮ ಎಫ್‌ಟಿಪಿ. ನಡುವೆ ಇಳಿಜಾರು ಬರುವ ಟ್ರೇಲಿನಲ್ಲಿ ಮಾಡಿದ ಪರೀಕ್ಷೆ ದಂಡ. ಮುಂದಿನ ಲೆಕ್ಕಕ್ಕೆ 240 ವ್ಯಾಟ್ ಎಂದಿಟ್ಟುಕೊಳ್ಳೋಣ.

ಹನ್ನೆರಡು ವಾರದ ತಯಾರಿಯಲ್ಲಿ ಬೆನ್ನೆಲುಬು ವಾರಕ್ಕೊಂದು ಉದ್ದ ಸವಾರಿ. ಮೂರು ಗಂಟೆಯಿಂದ ಶುರು ಮಾಡಿ ವಾರಕ್ಕೆ 20-30 ನಿಮಿಷ ಏರಿಸುತ್ತ, ಪ್ರತಿ ನಾಲ್ಕನೆಯ ವಾರ ಮೂರನೆಯ ಒಂದು ಭಾಗ ಇಳಿಸುತ್ತ ಐದು-ಐದೂವರೆ ಗಂಟೆಗೆ ಮುಟ್ಟಿಸಿದರೆ ಸಾಕು. ಬಲ ಎಫ್‌ಟಿಪಿಯ ಶೇ. 56ರಿಂದ 75, ಅಂದರೆ 134ರಿಂದ 180 ವ್ಯಾಟ್. ಕಡಿದಾದ ಏರಿನಲ್ಲಿ 180ರೊಳಗೆ ಇದ್ದರೆ ಬೈಕ್ ನಿಂತೇ ಹೋಗುತ್ತದೆ. ಅಲ್ಲಿ 205ರವರೆಗೆ ಬಿಡಿ, ಆಚೆಗಲ್ಲ. ಈ ಪೆಡಲ್ ತನ್ನ ಬೆಲೆ ತೀರಿಸುವುದು ಇಲ್ಲೇ. ಪ್ರತಿ ಗುಡ್ಡವನ್ನೂ 260ರಲ್ಲಿ ಹತ್ತಿ, ಇಳಿಜಾರಿನಲ್ಲಿ ಸುಧಾರಿಸಿಕೊಂಡು, ಸರಾಸರಿ ಮಾತ್ರ 150 ನೋಡಿ "ನಿಧಾನವಾಗಿಯೇ ಹೋದೆ" ಎನ್ನುವವರ ಗುಟ್ಟು ರಟ್ಟಾಗುತ್ತದೆ.

ಸವಾರಿ ಮುಗಿದ ಮೇಲೆ ಅದನ್ನು ಎರಡು ಸಮ ಭಾಗ ಮಾಡಿ ನಾರ್ಮಲೈಸ್ಡ್ ಪವರನ್ನು ಹೃದಯ ಬಡಿತದಿಂದ ಭಾಗಿಸಿ. ಮೊದಲರ್ಧ 170 ವ್ಯಾಟ್, 138 ಬಡಿತ: 1.23. ಎರಡನೆಯರ್ಧ 168 ವ್ಯಾಟ್, 147 ಬಡಿತ: 1.14. ಶೇ. 7ರಷ್ಟು ಇಳಿಕೆ. ಶೇ. 5 ದಾಟಿದರೆ ಬುನಾದಿ ಇನ್ನೂ ಗಟ್ಟಿಯಾಗಿಲ್ಲ ಎಂದು ತರಬೇತುದಾರರು ಓದುತ್ತಾರೆ. ಬಿಸಿಲು, ನೀರು ಕಡಿಮೆ ಕುಡಿದದ್ದು ಇವೂ ಬಡಿತ ಏರಿಸುತ್ತವೆ, ಆದ್ದರಿಂದ ಒಂದು ದಿನದ ಅಂಕಿಯಿಂದ ಏನೂ ತೀರ್ಮಾನಿಸಬೇಡಿ.

ವಾರದ ನಡುವೆ ಎರಡು ಗಟ್ಟಿ ದಿನ ಸಾಕು. ಒಂದು ದಿನ ಏರಿನಲ್ಲಿ 15 ನಿಮಿಷದಂತೆ ಮೂರು ಸಲ, 210-225 ವ್ಯಾಟ್. ಇನ್ನೊಂದು ದಿನ 8 ನಿಮಿಷದಂತೆ ನಾಲ್ಕು ಸಲ, ಅಷ್ಟೇ ವ್ಯಾಟ್, ಆದರೆ ಕೇಡೆನ್ಸ್ 60ರ ಹತ್ತಿರ. ಸಡಿಲ ಕಲ್ಲಿನ ಏರಿನಲ್ಲಿ ಕೇಡೆನ್ಸ್ ತಾನಾಗಿಯೇ ಬೀಳುವುದರಿಂದ ಕಾಲಿಗೆ ಆ ಒತ್ತಡ ಮೊದಲೇ ಪರಿಚಯವಿರಬೇಕು. ಮಂಡಿ ನೋವಿದ್ದವರು ಇದನ್ನು ಬಿಡಿ. ಕೊನೆಯ ನಾಲ್ಕು ವಾರದಲ್ಲಿ ಇವುಗಳಲ್ಲಿ ಒಂದು ಪಾಲನ್ನು ಉದ್ದ ಸವಾರಿಯ ಕೊನೆಯ ಗಂಟೆಗೆ ಸೇರಿಸಿ: 2000 ಕಿಲೋಜೂಲ್ ಕೆಲಸವಾದ ಮೇಲೂ 20 ನಿಮಿಷ 210 ವ್ಯಾಟ್ ಬರುತ್ತದೆಯೇ ಎಂಬುದು ತಾಜಾ ಕಾಲಿನ ಎಫ್‌ಟಿಪಿಗಿಂತ ಉಪಯುಕ್ತ ಪ್ರಶ್ನೆ.

ಕಿಲೋಜೂಲ್ ಅಂಕಿಯನ್ನು ಹೆಚ್ಚಿನವರು ಕಡೆಗಣಿಸುತ್ತಾರೆ, ಅನ್ಯಾಯ. ದೇಹದ ದಕ್ಷತೆ ಕಾಲುಭಾಗದ ಆಸುಪಾಸಿರುವುದರಿಂದ ಪೆಡಲಿನಲ್ಲಿ ಒಂದು ಕಿಲೋಜೂಲ್ ಎಂದರೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲರಿ ಖರ್ಚು. 150 ವ್ಯಾಟಿನಲ್ಲಿ ಒಂದು ಗಂಟೆಗೆ 540. ಗಂಟೆಗೆ 70 ಗ್ರಾಂ ಕಾರ್ಬೋಹೈಡ್ರೇಟ್ ತಿಂದರೆ ಮರಳಿ ಬರುವುದು 280 ಮಾತ್ರ. ಉಳಿದದ್ದು ಕೊಬ್ಬು ಮತ್ತು ಸ್ನಾಯುವಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಖಾತೆಯಿಂದ. ಏರಿನಲ್ಲಿ ಅತಿಯಾಗಿ ತುಳಿದಷ್ಟೂ ಎರಡನೆಯದೇ ಬೇಗ ಬರಿದಾಗುತ್ತದೆ. ಗಂಟೆಗೆ 60ರಿಂದ 90 ಗ್ರಾಂ ತಿನ್ನುವ ಅಭ್ಯಾಸವನ್ನು ಉದ್ದ ಸವಾರಿಯಲ್ಲೇ ಮಾಡಿಸಿ. 60ರ ಮೇಲೆ ಹೋಗುವಾಗ ಗ್ಲೂಕೋಸ್ ಜೊತೆ ಫ್ರಕ್ಟೋಸ್ ಇರಲೇಬೇಕು, ಇಲ್ಲದಿದ್ದರೆ ಹೊಟ್ಟೆ ಮುಷ್ಕರ ಹೂಡುತ್ತದೆ.

ರೇಸಿನ ದಿನ ಒಂದೇ ನಿಯಮ ಇಟ್ಟುಕೊಳ್ಳಿ. ಮೊದಲ ಒಂದೂವರೆ ಗಂಟೆ, ಎರಡು ನಿಮಿಷಕ್ಕಿಂತ ಉದ್ದದ ಯಾವ ಏರಿನಲ್ಲೂ 210 ದಾಟಬಾರದು. ಅರ್ಧ ನಿಮಿಷದ ಮೊನಚು ಏರಿಗೆ 290 ಆದರೆ ಆಗಲಿ. ಎಡಬಲದಲ್ಲಿ ಜನ ದಾಟಿ ಹೋಗುತ್ತಾರೆ, ಹೋಗಲಿ. ಸಿಂಗಲ್ ಟ್ರ್ಯಾಕ್ (ಒಂದೇ ಬೈಕ್ ಹಿಡಿಯುವ ಕಿರುದಾರಿ) ಶುರುವಾಗುವ ಮುನ್ನ ಜಾಗ ಹಿಡಿಯಬೇಕಾದರೆ ಮಾತ್ರ ಈ ನಿಯಮ ಮುರಿಯಿರಿ. ಎತ್ತರದ ಜಾಗದ ರೇಸಾದರೆ ಅಂಕಿಯನ್ನು ಇಳಿಸಿಕೊಳ್ಳಲೇಬೇಕು: ಅಮೆರಿಕದ ಕೊಲೊರಾಡೋದ ಲೆಡ್‌ವಿಲ್ 100 ಮೈಲಿಯ ರೇಸು ಶುರುವಾಗುವುದೇ ಸುಮಾರು 3,100 ಮೀಟರಿನಲ್ಲಿ, ಕೆಳನಾಡಿನ ಎಫ್‌ಟಿಪಿ ಅಲ್ಲಿ ಸಲ್ಲದು. ಆಫ್ರಿಕಾದ ಕೇಪ್ ಎಪಿಕ್‌ನಂಥ ಎಂಟು ದಿನದ ರೇಸಿಗೆ ಹೋಗುವವರು ಮೂರನೆಯ ದಿನದಿಂದ ವ್ಯಾಟ್ ಜೊತೆ ಬಡಿತವನ್ನೂ ನೋಡಬೇಕು. ದಣಿದ ದೇಹದಲ್ಲಿ ಬಡಿತ ಏರುವುದೇ ಇಲ್ಲ, ಅದನ್ನು ಹುರುಪು ಎಂದು ತಿಳಿಯಬಾರದು.

ಪೆಡಲಾಗಿ ಇದು ಸಾಧಾರಣ. ಕ್ಲೀಟ್ ಹಿಡಿತ ಖಚಿತ, ಬಿಡುಗಡೆಯ ಬಿಗಿ ತಿರುಪಿನಿಂದ ಹೊಂದಿಸಬಹುದು. ಅಂಟು ಮಣ್ಣು ಮೆತ್ತಿದಾಗ ಮಾತ್ರ ಎಕ್ಸ್‌ಟಿಯಷ್ಟು ಸಲೀಸಾಗಿ ಕಾಲು ಕೂರುವುದಿಲ್ಲ. ಶೂ ಅಡಿಯ ರಬ್ಬರ್ ಗುಬಟಗಳು ಪೆಡಲಿಗೆ ಒತ್ತುತ್ತಿದ್ದರೆ ಕ್ಲೀಟ್ ಕೆಳಗೆ ತೆಳು ಪಟ್ಟಿ ಕೊಟ್ಟು ಎತ್ತರಿಸಿ, ಇಲ್ಲದಿದ್ದರೆ ಕಾಲು ಹೊರಳದೆ ಮಂಡಿಗೆ ಪೆಟ್ಟು. ಕಲ್ಲಿನ ಏರಿನಲ್ಲಿ ಪೂರ್ತಿ ಸುತ್ತದೆ ಅರ್ಧರ್ಧ ತುಳಿಯುವ ಅಭ್ಯಾಸ ಮೊದಲೇ ಇದ್ದರೆ ಪೆಡಲೂ ಉಳಿದೀತು.

ಒಂದೇ ಬದಿಯಲ್ಲಿ ಅಳೆಯುವ ಎಕ್ಸ್‌ಸಿ100 ಕೊಂಡರೆ? ಅದು ಎಡಗಾಲಿನ ಬಲವನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ. ಎಡ 48, ಬಲ 52 ಪಾಲಿನವರು 200 ತುಳಿದಾಗ ಕಾಣುವುದು 192. ಪ್ರತಿ ದಿನವೂ ಅಷ್ಟೇ ತಪ್ಪಿದ್ದರೆ ತರಬೇತಿಗೆ ಅಡ್ಡಿಯಿಲ್ಲ, ಎಲ್ಲ ಗುರಿಗಳೂ ಅದೇ ತಕ್ಕಡಿಯಲ್ಲಿ ತೂಗಿದವು ತಾನೇ. ಆದರೆ ಐದನೆಯ ಗಂಟೆಯಲ್ಲಿ ದಣಿವಿಗೆ ಎಡಬಲದ ಪಾಲು ಬದಲಾಗುವವರಿಗೆ ಅದು ತಿಳಿಯಬೇಕಾದ ಹೊತ್ತಿಗೇ ತಪ್ಪು ಹೇಳುತ್ತದೆ. ಹಳೆಯ ಮಂಡಿ ಗಾಯ ಇದ್ದವರು ಎರಡು ಬದಿಯದ್ದೇ ಕೊಳ್ಳಿ. ಸೆಲ್ಲಿನ ಗೋಳೇ ಬೇಡ ಎನ್ನುವವರಿಗೆ ಫಾವೆರೊ ಅಸಿಯೋಮಾ ಪ್ರೊ ಎಂಎಕ್ಸ್ ಇದೆ, ಅದೂ ಎಸ್‌ಪಿಡಿ ಬಗೆಯದು, ಚಾರ್ಜ್ ಮಾಡುವಂಥದ್ದು, ಇದಕ್ಕಿಂತ ಹಗುರ. ಒಂದೇ ಬೈಕ್ ಇಟ್ಟುಕೊಂಡು ಕಲ್ಲುಬಂಡೆಯ ದಾರಿಯಲ್ಲೇ ಓಡಾಡುವವರಿಗೆ ಕ್ರ್ಯಾಂಕ್ ಸ್ಪೈಡರಿನೊಳಗಿನ (ಹಲ್ಲುಚಕ್ರವನ್ನು ಕ್ರ್ಯಾಂಕಿಗೆ ಕೂಡಿಸುವ ಭಾಗ) ಪವರ್ ಮೀಟರೇ ಮೇಲು; ಪೆಟ್ಟು ಬೀಳುವ ಜಾಗದಲ್ಲಿ ಅದು ಇರುವುದೇ ಇಲ್ಲ. ಕ್ಲೀಟಿಲ್ಲದ ಫ್ಲ್ಯಾಟ್ ಪೆಡಲಿನವರಿಗೂ ಉಳಿಯುವ ದಾರಿ ಅದೇ.