ಆರ್ ಯು ಬೀಯಿಂಗ್ ಸರ್ವ್ಡ್? ಪೂರ್ಣ ಡಿವಿಡಿ ಸೆಟ್: ವೆಂಡಿ ರಿಚರ್ಡ್ ನಟನೆಗಾಗಿ ಕೊಳ್ಳುವವರಿಗೆ

ಬಿಬಿಸಿಯ ‘ಆರ್ ಯು ಬೀಯಿಂಗ್ ಸರ್ವ್ಡ್?’ ಹಾಸ್ಯ ಧಾರಾವಾಹಿಯನ್ನು ಹೆಚ್ಚಿನವರು ಕೊಳ್ಳುವುದು ಜಾನ್ ಇನ್‌ಮನ್ ಅವರ ಮಿಸ್ಟರ್ ಹಂಫ್ರೀಸ್‌ಗಾಗಿ, ಇಲ್ಲವೇ ಬಣ್ಣ ಬದಲಿಸುತ್ತಲೇ ಇರುವ ಕೂದಲಿನ ಮಿಸೆಸ್ ಸ್ಲೋಕೊಂಬ್‌ಗಾಗಿ. ಈ ವಿಮರ್ಶೆ ಕೌಂಟರಿನ ಹಿಂದೆ ಮಿಸೆಸ್ ಸ್ಲೋಕೊಂಬ್ ಪಕ್ಕದಲ್ಲೇ ನಿಂತಿರುವ ಜೂನಿಯರ್ ಹುಡುಗಿ ಮಿಸ್ ಬ್ರಾಮ್ಸ್ ಬಗ್ಗೆ. ಆ ಪಾತ್ರ ಮಾಡಿದ ವೆಂಡಿ ರಿಚರ್ಡ್ ಮುಂದೆ ಬಿಬಿಸಿಯದೇ ಗಂಭೀರ ಧಾರಾವಾಹಿ ‘ಈಸ್ಟ್‌ಎಂಡರ್ಸ್’ನಲ್ಲಿ ಸುಮಾರು 22 ವರ್ಷ ಪಾಲೀನ್ ಫೌಲರ್ ಆಗಿದ್ದರು. ನಗಿಸುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಗಂಭೀರ ನಟಿಯಾದಳು ಎಂಬ ಮಾತು ಸಾಮಾನ್ಯ. ಈ ಸೆಟ್ಟನ್ನು ಮೊದಲಿಂದ ಕೊನೆಯವರೆಗೆ ನೋಡಿದರೆ ಆ ಮಾತು ಸರಿ ಎನಿಸುವುದಿಲ್ಲ. ಪಾಲೀನ್‌ಗೆ ಬೇಕಾದ ಸರಕೆಲ್ಲ ಇಲ್ಲೇ ತಯಾರಾಗಿದೆ.

ಒಟ್ಟು 10 ಸರಣಿ, 69 ಕಂತು, 1972ರಿಂದ 1985ರವರೆಗೆ. ಬರೆದವರು ಜೆರೆಮಿ ಲಾಯ್ಡ್ ಮತ್ತು ಡೇವಿಡ್ ಕ್ರಾಫ್ಟ್. ಗ್ರೇಸ್ ಬ್ರದರ್ಸ್ ಎಂಬ ಲಂಡನ್ನಿನ ಹಳೇ ಕಾಲದ ಮಳಿಗೆ, ಅದರ ಒಂದೇ ಮಹಡಿಯಲ್ಲಿ ಗಂಡಸರ ಬಟ್ಟೆ ವಿಭಾಗವೂ ಹೆಂಗಸರ ಬಟ್ಟೆ ವಿಭಾಗವೂ ಇರಬೇಕಾಗಿ ಬಂದಾಗಿನ ಪಜೀತಿ, ಇಷ್ಟೇ ಕಥೆ. ಸೀನಿಯರ್ ಯಾರು, ಜೂನಿಯರ್ ಯಾರು, ಗಿರಾಕಿ ಬಂದರೆ ಮೊದಲು ಮುಂದೆ ಬರಬೇಕಾದವರು ಯಾರು ಎಂಬ ಲೆಕ್ಕಾಚಾರದಲ್ಲೇ ಅರ್ಧ ಹಾಸ್ಯ ಹುಟ್ಟುತ್ತದೆ. ಲಾಯ್ಡ್ ಪಿಕಡಿಲಿಯ ಸಿಂಪ್ಸನ್ಸ್ ಅಂಗಡಿಯಲ್ಲಿ ಕೆಲಸ ಮಾಡಿದ್ದವರು. ವೆಂಡಿ ಕೂಡ ನಟಿಯಾಗುವ ಮುಂಚೆ ಫೋರ್ಟ್ನಮ್ ಅಂಡ್ ಮೇಸನ್‌ನಲ್ಲಿ ಕೌಂಟರ್ ಹಿಂದೆ ನಿಂತಿದ್ದವರೇ. ದಿನವಿಡೀ ನಿಂತು ಕಾಲು ಸೋತವರ ನಿಲುವು ಅವರಿಗೆ ಗೊತ್ತಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಿಸ್ ಬ್ರಾಮ್ಸ್ ಕೌಂಟರಿಗೆ ಒರಗುವ ರೀತಿ ಗಮನಿಸಿ.

ಆ ಪಾತ್ರದ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಮಿಸೆಸ್ ಸ್ಲೋಕೊಂಬ್ (ಮೋಲಿ ಸಗ್ಡನ್) ನಾಜೂಕಿನ ಇಂಗ್ಲಿಷ್ ಆಡಲು ಹೋಗಿ, ಸಿಟ್ಟು ಬಂದರೆ ಊರ ಮಾತಿಗೆ ಜಾರುತ್ತಾರೆ. ಅವರ ಬೆಕ್ಕಿನ ಬಗೆಗಿನ ದ್ವಂದ್ವಾರ್ಥದ ಮಾತುಗಳು ಹೆಸರುವಾಸಿ. ಆದರೆ ಆ ಮಾತು ಕಚಗುಳಿ ಇಡಬೇಕಾದರೆ ಪಕ್ಕದಲ್ಲಿ ಇರುವವರು ಅದನ್ನು ಬರೀ ಬೆಕ್ಕಿನ ಸುದ್ದಿ ಎಂದೇ ಕೇಳಿಸಿಕೊಳ್ಳಬೇಕು. ಕಣ್ಣು ಒಂದಿಷ್ಟು ಅರಳಿದರೂ ಹಾಸ್ಯ ಕೆಟ್ಟಿತು. ವೆಂಡಿ ವರ್ಷಗಟ್ಟಲೆ ಈ ಕೆಲಸ ಮಾಡಿದ್ದಾರೆ, ಮುಖದಲ್ಲಿ ಒಂದು ಗೆರೆ ಅಲುಗಿಸದೆ. ಜೊತೆಗೆ ಇದು ಸ್ಟುಡಿಯೋದಲ್ಲಿ ಪ್ರೇಕ್ಷಕರ ಎದುರು ಚಿತ್ರೀಕರಣವಾದದ್ದು. ನಗು ಇಳಿಯುವ ಮುಂಚೆ ಮಾತಾಡಿದರೆ ಮಾತು ಕೇಳಿಸುವುದಿಲ್ಲ, ಪೂರ್ತಿ ಇಳಿಯುವವರೆಗೆ ಕಾದರೆ ದೃಶ್ಯ ತಣ್ಣಗಾಗುತ್ತದೆ. ನಗು ಮುಕ್ಕಾಲು ಇಳಿದಾಗ ತಮ್ಮ ಕಾಕ್ನಿ (ಪೂರ್ವ ಲಂಡನ್ನಿನ ದುಡಿಯುವ ಜನರ ಆಡುಮಾತು) ದನಿಯನ್ನು, ಏರಿಳಿತವಿಲ್ಲದೆ, ಮೂಗಿನಿಂದ ಎಳೆದಂತೆ ಒಳಗೆ ತೂರಿಸುವುದು ವೆಂಡಿಯ ವಿದ್ಯೆ. ಆ ದನಿಗೆ 1962ರಲ್ಲೇ ಬೆಲೆ ಸಿಕ್ಕಿತ್ತು. ಮೈಕ್ ಸಾರ್ನ್ ಜೊತೆ ಮಾಡಿದ ‘ಕಮ್ ಔಟ್‌ಸೈಡ್’ ಹಾಡಿನಲ್ಲಿ ಅವರು ಹಾಡುವುದೇ ಇಲ್ಲ, ನಡುನಡುವೆ ಮಾತಾಡುತ್ತಾರೆ ಅಷ್ಟೇ. ಅದು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು.

ಎಲ್ಲಿಂದ ಶುರು ಮಾಡಬೇಕು? 1973ರ ಮೊದಲ ಸರಣಿಯಿಂದಲೇ. ‘ಡಿಯರ್ ಸೆಕ್ಸಿ ನಿಕರ್ಸ್’ ಕಂತಿನಲ್ಲಿ ಗಂಡಸರ ವಿಭಾಗದ ಜೂನಿಯರ್ ಮಿಸ್ಟರ್ ಲ್ಯೂಕಸ್ (ಟ್ರೆವರ್ ಬ್ಯಾನಿಸ್ಟರ್) ಮಿಸ್ ಬ್ರಾಮ್ಸ್‌ಗೆ ಬರೆದ ಚೀಟಿ ಬೇರೆಯವರ ಕೈ ಸೇರುತ್ತದೆ. ‘ಕ್ಯಾಂಪಿಂಗ್ ಇನ್’ನಲ್ಲಿ ಬಸ್ಸು ರೈಲು ಮುಷ್ಕರದಿಂದ ಎಲ್ಲರೂ ರಾತ್ರಿ ಅಂಗಡಿಯಲ್ಲೇ ಟೆಂಟು ಹಾಕಿ ಮಲಗುತ್ತಾರೆ. ಇಡೀ ಸೆಟ್ಟಿನಲ್ಲಿ ಬರವಣಿಗೆ ಅತ್ಯಂತ ಬಿಗಿಯಾಗಿರುವ ಕಂತುಗಳಲ್ಲಿ ಇದೊಂದು. ಸೀನಿಯರ್ ಜೂನಿಯರ್ ಗೋಡೆ ಒಂದು ರಾತ್ರಿಯ ಮಟ್ಟಿಗೆ ಸಡಿಲವಾಗುವುದರಿಂದ ಮಿಸ್ ಬ್ರಾಮ್ಸ್‌ಗೆ ಮನುಷ್ಯಳಾಗಿ ಮಾತಾಡಲು ಜಾಗ ಸಿಗುತ್ತದೆ. 1979ರ ಏಳನೇ ಸರಣಿಯ ಬಳಿಕ ಬ್ಯಾನಿಸ್ಟರ್ ಹೊರಟುಹೋದರು. ಅಲ್ಲಿಗೆ ವೆಂಡಿಯ ಎದುರಿನ ಜೋಡಿ ಮುರಿಯಿತು. ಆಮೇಲೆ ಬಂದ ಮಿಸ್ಟರ್ ಸ್ಪೂನರ್ (ಮೈಕ್ ಬೆರ್ರಿ) ಜೊತೆ ಆ ಚುರುಕು ಮರಳಲಿಲ್ಲ. 8ನೇ ಮತ್ತು 9ನೇ ಸರಣಿಗಳನ್ನು ಓಡಿಸಿಕೊಂಡು ನೋಡಿದರೆ ನಷ್ಟವಿಲ್ಲ. 1981ರ ‘ರೂಟ್ಸ್?’ ಕಂತಿನ ಕೊನೆಯಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುವ ದೃಶ್ಯವಿದೆ. ಇಂದು ಅದನ್ನು ನೋಡಲು ಹಿಂಸೆಯಾಗುತ್ತದೆ. ಮಕ್ಕಳೊಂದಿಗೆ ಕೂತು ನೋಡುವವರು ಬಿಟ್ಟುಬಿಡಿ.

ಹತ್ತನೇ ಸರಣಿಯನ್ನು ಮಾತ್ರ ಬಿಡಬೇಡಿ. ಹಾಸ್ಯ ಸೊರಗಿದೆ, ನಿಜ. ಆದರೆ ಅದು ಶುರುವಾದದ್ದು 1985ರ ಫೆಬ್ರವರಿ 18, ಸೋಮವಾರ. ಮರುದಿನ, ಫೆಬ್ರವರಿ 19ರ ಮಂಗಳವಾರ, ‘ಈಸ್ಟ್‌ಎಂಡರ್ಸ್’ನ ಮೊದಲ ಕಂತು. ಏಪ್ರಿಲ್ 1ರಂದು ಗ್ರೇಸ್ ಬ್ರದರ್ಸ್ ಬಾಗಿಲು ಮುಚ್ಚುವವರೆಗೆ ಪ್ರತಿ ಸೋಮವಾರ ಹೊಂಬಣ್ಣದ ಕೂದಲು, ಲಿಪ್‌ಸ್ಟಿಕ್ಕಿನ ಮಿಸ್ ಬ್ರಾಮ್ಸ್. ಮಂಗಳವಾರ ಗುರುವಾರ ಕಾರ್ಡಿಗನ್ ತೊಟ್ಟು, ಈ ವಯಸ್ಸಿನಲ್ಲಿ ಮತ್ತೆ ಬಸುರಿ ಎಂದು ತಾಯಿ ಲೂ ಬೀಲ್ ಕೈಲಿ ಬೈಸಿಕೊಳ್ಳುವ ಪಾಲೀನ್. ಒಂದೇ ಚಾನೆಲ್ಲು, ಒಬ್ಬರೇ ನಟಿ. ಸೆಟ್ಟಿನ ಕೊನೆಯ ಡಿಸ್ಕನ್ನೂ ಈಸ್ಟ್‌ಎಂಡರ್ಸ್‌ನ ಮೊದಲ ಕಂತುಗಳನ್ನೂ ಒಂದಾದ ಮೇಲೊಂದು ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ದನಿ ಅದೇ, ಕೆಲಸ ಮಾಡಿ ದಣಿದ ಹೆಂಗಸಿನ ನಿಲುವೂ ಅದೇ. ತೆಗೆದುಹಾಕಿದ್ದು ನಗುವಿಗಾಗಿ ಕಾಯುವ ಆ ಅರೆಕ್ಷಣವನ್ನು. ಪ್ರೇಕ್ಷಕರಿಲ್ಲದ ಈಸ್ಟ್‌ಎಂಡರ್ಸ್ ಚಿತ್ರೀಕರಣದಲ್ಲಿ ಅದೇ ಅರೆಕ್ಷಣವನ್ನು ಅವರು ಎದುರಿನವರ ಮಾತು ನುಂಗಿಕೊಳ್ಳಲು ಬಳಸುತ್ತಾರೆ. 1991ರಲ್ಲಿ ಮಗ ಮಾರ್ಕ್ ತನಗೆ ಎಚ್‌ಐವಿ ಇದೆ ಎಂದು ಹೇಳುವ ದೃಶ್ಯ, 1993ರಲ್ಲಿ ಗಂಡ ಆರ್ಥರ್ (ಬಿಲ್ ಟ್ರೀಚರ್) ಬೇರೆ ಹೆಣ್ಣಿನ ಸಂಬಂಧವನ್ನು ಒಪ್ಪಿಕೊಂಡಾಗ ಬಾಣಲೆಯಿಂದ ಹೊಡೆಯುವ ದೃಶ್ಯ, ಎರಡರಲ್ಲೂ ಹೊಡೆತಕ್ಕಿಂತ ಅದಕ್ಕೆ ಮುಂಚಿನ ಮೌನವೇ ಭಾರ. ಪಾಲೀನ್ ಸತ್ತದ್ದು 2006ರ ಕ್ರಿಸ್‌ಮಸ್ ದಿನದ ಕಂತಿನಲ್ಲಿ, ಕಥೆ ನಡೆಯುವ ಆಲ್ಬರ್ಟ್ ಸ್ಕ್ವೇರ್ ಚೌಕದ ಹಿಮದಲ್ಲಿ. ಪಾಲೀನ್‌ಗೆ ಮರುಮದುವೆ ಮಾಡಿಸಿದ್ದು ಸರಿಬರದೆ ವೆಂಡಿ ಧಾರಾವಾಹಿ ಬಿಟ್ಟಿದ್ದರು. ಪಾತ್ರದ ಬಗ್ಗೆ ಅಷ್ಟು ಕಾಳಜಿ ಇದ್ದ ನಟಿ. 2009ರ ಫೆಬ್ರವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಇನ್ನು ಕೊಳ್ಳುವ ವಿಷಯ. ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂದು ಹೇಳುವ ಸಂಖ್ಯೆಯೇ ರೀಜನ್; ಪಾಲ್ ಮತ್ತು ಎನ್‌ಟಿಎಸ್‌ಸಿ ಟಿವಿ ಚಿತ್ರದ ಎರಡು ಪದ್ಧತಿಗಳು. ಬ್ರಿಟಿಷ್ ಮುದ್ರಣ ರೀಜನ್ 2, ಪಾಲ್. ಅಮೆರಿಕದ್ದು ರೀಜನ್ 1, ಎನ್‌ಟಿಎಸ್‌ಸಿ. ಭಾರತ ರೀಜನ್ 5. ಹಾಗಾಗಿ ಇಲ್ಲಿ ಕೊಂಡ ಮಾಮೂಲಿ ಪ್ಲೇಯರ್‌ಗೆ ಎರಡೂ ಒಗ್ಗದಿರಬಹುದು; ರೀಜನ್ ಫ್ರೀ ಪ್ಲೇಯರ್ ಇದ್ದರೆ ತೊಂದರೆಯಿಲ್ಲ. ಅಮೆರಿಕದಲ್ಲಿರುವ ನೆಂಟರು ತಂದುಕೊಡುತ್ತೇನೆಂದರೂ ಬ್ರಿಟಿಷ್ ಮುದ್ರಣವನ್ನೇ ಹುಡುಕುವುದು ಲೇಸು. ಮೂಲ ಚಿತ್ರೀಕರಣ ಸೆಕೆಂಡಿಗೆ 50 ಫೀಲ್ಡ್‌ನ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರದ) ವಿಡಿಯೋ ಟೇಪಿನದ್ದು. ಅದನ್ನು 60ಕ್ಕೆ ಪರಿವರ್ತಿಸಿದಾಗ ಕ್ಯಾಮೆರಾ ಪಕ್ಕಕ್ಕೆ ಸರಿದಾಗಲೆಲ್ಲ ಚಿತ್ರ ಕಲೆಸಿದಂತೆ ಕಾಣುತ್ತದೆ, ಗೆರೆಗಳೂ 576ರಿಂದ 480ಕ್ಕೆ ಇಳಿಯುತ್ತವೆ. ಮುಖದ ಸಣ್ಣ ಚಲನೆಗಾಗಿಯೇ ಕೊಳ್ಳುವವರಿಗೆ ಇದು ದೊಡ್ಡ ನಷ್ಟ.

ಕಂಪ್ಯೂಟರಿನಲ್ಲಿ ನೋಡುವವರು ಡ್ರೈವ್‌ನ ರೀಜನ್ ಬದಲಿಸಲು ಹೋಗಬೇಡಿ. ಅದನ್ನು ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಕೊನೆಯದಕ್ಕೇ ಅಂಟಿಕೊಳ್ಳುತ್ತದೆ. ಹೆಚ್ಚಿನ ಡ್ರೈವ್‌ಗಳಲ್ಲಿ ವಿಎಲ್‌ಸಿ ಎಂಬ ಉಚಿತ ವಿಡಿಯೋ ತಂತ್ರಾಂಶ ರೀಜನ್ ಬದಲಿಸದೆಯೇ ಡಿಸ್ಕ್ ಓದುತ್ತದೆ. ಯಾರಾದರೂ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್‌ನಲ್ಲಿ ಯಾಡಿಫ್ 2ಎಕ್ಸ್ ಆರಿಸಿ. ಬರೀ ಯಾಡಿಫ್ ಆರಿಸಿದರೆ ಗೆರೆ ಹೋಗುತ್ತದೆ, ಆದರೆ ಚಲನೆಯ ನಯ ಅರ್ಧಕ್ಕೆ ಇಳಿಯುತ್ತದೆ. ಚಿತ್ರದ ಅಳತೆ 4:3. ಟಿವಿ ಅದನ್ನು ಅಗಲಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡಿದರೆ ರಿಮೋಟಿನಲ್ಲಿ ಸರಿಪಡಿಸಿಕೊಳ್ಳಿ. ಎರಡು ಪಕ್ಕ ಕಪ್ಪು ಪಟ್ಟಿ ಇರುವುದೇ ಸರಿಯಾದ ನೋಟ. ಕಾಕ್ನಿ ಕಿವಿಗೆ ಹೊಸದಾದವರಿಗೆ ಇಂಗ್ಲಿಷ್ ಸಬ್‌ಟೈಟಲ್ ಬೇಕೇ ಬೇಕು, ದುಡ್ಡು ಕೊಡುವ ಮುಂಚೆ ಪೆಟ್ಟಿಗೆಯ ಹಿಂಬದಿ ಓದಿ.

ಮೊದಲ ಪ್ರಾಯೋಗಿಕ ಕಂತು ಕಪ್ಪು-ಬಿಳುಪಿನಲ್ಲಿದ್ದರೆ ಡಿಸ್ಕ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ. 1972ರ ಆ ಕಂತಿನ ಬಣ್ಣದ ಟೇಪು ಉಳಿದಿಲ್ಲ, ಕಪ್ಪು-ಬಿಳುಪಿನ ಫಿಲ್ಮ್ ಪ್ರತಿ ಮಾತ್ರ ಉಳಿಯಿತು. ಆ ಫಿಲ್ಮಿನಲ್ಲಿ ಬಣ್ಣದ ಸಂಕೇತ ಸಣ್ಣ ಚುಕ್ಕಿಗಳಾಗಿ ಅಚ್ಚಾಗಿತ್ತು. ಅದನ್ನು ಕಂಪ್ಯೂಟರಿನಿಂದ ಓದಿ ಮರಳಿಸಿದ ಬಣ್ಣದ ಪ್ರತಿ ಪ್ರಸಾರವಾದದ್ದು 2010ರ ಜನವರಿ 1ರಂದು. ಅದಕ್ಕೂ ಮೊದಲು ಮಾರಾಟಕ್ಕೆ ಬಂದ ಸೆಟ್‌ಗಳಲ್ಲಿ ಬಣ್ಣ ಇರಲು ಸಾಧ್ಯವಿಲ್ಲ.

1992–93ರ ಮುಂದುವರಿಕೆ ‘ಗ್ರೇಸ್ ಅಂಡ್ ಫೇವರ್’ 12 ಕಂತು. ಪಾಲೀನ್ ಪಾತ್ರ ನಡೆಯುತ್ತಿರುವಾಗಲೇ ವೆಂಡಿ ಮತ್ತೆ ಮಿಸ್ ಬ್ರಾಮ್ಸ್ ಆದದ್ದು ಇದರಲ್ಲಿ. ಕೆಲವು ಮುದ್ರಣಗಳಲ್ಲಿ ಇದೂ ಸೇರಿದೆ, ಕೆಲವುದರಲ್ಲಿ ಬೇರೆಯಾಗಿ ಕೊಳ್ಳಬೇಕು. ಅಮೆರಿಕದಲ್ಲಿ ಇದಕ್ಕೇ ‘ಆರ್ ಯು ಬೀಯಿಂಗ್ ಸರ್ವ್ಡ್? ಅಗೇನ್!’ ಎಂದು ಹೆಸರು. ಎರಡು ಬೇರೆ ಧಾರಾವಾಹಿ ಎಂದುಕೊಂಡು ಎರಡಕ್ಕೂ ದುಡ್ಡು ಹಾಕಬೇಡಿ.